ಮೂರನೆಯ ದಿನದ ಹಾಲು

ಆಗಸ್ಟ್ 18, ಸೋಮವಾರ, ಬೆಳಿಗ್ಗೆ ಹತ್ತೂವರೆ. ಗುಂಡ್ಲುಪೇಟೆಯ ಠಾಣೆಯ ಮೆಟ್ಟಿಲು ಹತ್ತಿದ ಹೆಣ್ಣುಮಗಳನ್ನು ಕಂಡ ಕೂಡಲೇ ಬಾಗಿಲಲ್ಲಿದ್ದ ಪೇದೆ "ನೋ ಇಂಗ್ಲಿಷ್, ನೋ ಇಂಗ್ಲಿಷ್" ಎಂದು ಕೈಯಾಡಿಸಿದ.

"ಕನ್ನಡ ಸ್ವಲ್ಪ ಬರುತ್ತೆ ಸರ್," ಎಂದಳು ಆಕೆ. "ನಮ್ಮಣ್ಣ ಸಿಗ್ತಿಲ್ಲ."

ಒಳಗಿದ್ದ ಇನ್ಸ್‌ಪೆಕ್ಟರ್ ಶಶಿರೇಖಾ ತಲೆ ಎತ್ತಿ ನೋಡಿದರು. ಆಕೆಯನ್ನು ಕರೆದು ಕೂರಿಸಿ, ನೀರು ತರಿಸಿಕೊಟ್ಟರು. ಹೆಸರು ಅಫುವಾ. ಊರು ಘಾನಾ ದೇಶದ ಪ್ರಾ ನದಿಯ ದಂಡೆಯ ಒಂದು ಹಳ್ಳಿ. ಮೈಸೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಅವಳ ಕನ್ನಡವೆಲ್ಲ ವಾರ್ಡಿನಲ್ಲಿ ಕಲಿತದ್ದು: ಎಲ್ಲಿ ನೋವು, ಊಟ ಆಯ್ತಾ, ಉಸಿರು ಎಳ್ಕೊಳ್ಳಿ. ಅದು ಸಾಲದಾದಾಗ ಇಂಗ್ಲಿಷಿಗೆ ಹೊರಳುತ್ತಿದ್ದಳು. ಅಣ್ಣ ಕ್ವಾಬೆನಾ ಅಲ್ಲೇ ಪರಿಸರ ವಿಜ್ಞಾನದ ಸಂಶೋಧನೆ ಮಾಡುತ್ತಿದ್ದ; ಹಳ್ಳಿ ಸುತ್ತಿ ಅವಳಿಗಿಂತ ಹೆಚ್ಚು ಕನ್ನಡ ಕಲಿತಿದ್ದ. ಹಿಂದಿನ ಮಂಗಳವಾರ ಕಲ್ಲುಮಾಳದ ಕರಿಕಲ್ಲಿನ ಕ್ವಾರಿ ನೋಡಿ ಬರುತ್ತೇನೆಂದು ಹೋದವನು ಬಂದಿಲ್ಲ. ಫೋನೂ ಇಲ್ಲ.

"ಇಷ್ಟು ದಿನ ಎಲ್ಲಿದ್ದಿರಿ?"

"ಎರಡು ಸ್ಟೇಷನ್‌ಗೆ ಹೋದೆ ಮೇಡಂ. ಒಬ್ಬರು, ಇದು ನಮಗೆ ಸೇರಲ್ಲ ಅಂದ್ರು. ಇನ್ನೊಬ್ಬರು, ಗಾಂಜಾ ಹೊಡೆದು ಎಲ್ಲೋ ಬಿದ್ದಿರ್ತಾನೆ, ಬರ್ತಾನೆ ಹೋಗಿ ಅಂದ್ರು."

ದೂರು ಯಾವ ಠಾಣೆಗೆ ಬಂದರೂ ಬರೆದುಕೊಳ್ಳಬೇಕೆಂದು ಕಾನೂನಿದೆ. ಕಾನೂನಿಗೇನು, ಇರುತ್ತದೆ. ಮೈಬಣ್ಣ ನೋಡಿ ಗಾಂಜಾ ಎನ್ನುವ ನಾಲಿಗೆಗೆ ಯಾವ ಕಾನೂನಿನ ಕಡಿವಾಣವೂ ಇಲ್ಲ. ಶಶಿರೇಖಾ ತಾವೇ ಕೂತು ಹೇಳಿಕೆ ಬರೆದುಕೊಂಡು, ಹನ್ನೊಂದು ಇಪ್ಪತ್ತಕ್ಕೆ ಕಾಣೆಯಾದ ಪ್ರಕರಣ ಎಂದು ಎಫ್‌ಐಆರ್ ದಾಖಲಿಸಿದರು. ಸಹಿ ಹಾಕಿದ ಮೇಲೂ ಅಫುವಾ ಪೆನ್ನು ಬಿಡಲಿಲ್ಲ.

"ಮೇಡಂ, ನಮ್ಮೂರಲ್ಲಿ ಕಳ್ಳ ಗಣಿ ಇದೆ. ಚಿನ್ನದ್ದು. ಗಲಾಮ್ಸೆ ಅಂತೀವಿ. ಹೊಳೆ ನೀರು ಈಗ ಟೀ ತರ ಇದೆ. ಕೋಕೋ ತೋಟ ಎಲ್ಲ ಗುಂಡಿ. ಯಾವ ಪಾರ್ಟಿ ಬಂದ್ರೂ ನಿಲ್ಲಿಸ್ತೀವಿ ಅಂತಾರೆ, ಮಷೀನ್ ಅವರದ್ದೇ. ನಮ್ಮಪ್ಪ ಆ ಗುಂಡಿಯೊಳಗೆ ಹೋದ್ರು. ಮಣ್ಣು ಕುಸೀತು. ಮಾಲೀಕ ಹೊರಗೆ ತೆಗೀಲಿಲ್ಲ, ಮೇಲೆ ಇನ್ನೂ ಮಣ್ಣು ಹಾಕಿಸಿದ. ಅಮ್ಮ ಇವತ್ತಿಗೂ ಅಪ್ಪನ ತಟ್ಟೆ ಇಡ್ತಾಳೆ. ಹೆಣ ನೋಡಿಲ್ಲ ಅಲ್ವಾ." ಪೆನ್ನನ್ನು ಮೇಜಿನ ಮೇಲಿಟ್ಟು ಹೇಳಿದಳು: "ಅಣ್ಣ ಬದುಕಿದ್ರೆ ಅಣ್ಣನ್ನ ಕೊಡಿ. ಇಲ್ಲ ಅಂದ್ರೆ ಹೆಣನಾದ್ರೂ ಕೊಡಿ. ಅಮ್ಮ ಎರಡು ತಟ್ಟೆ ಇಡಬಾರದು."

ಹೆಡ್ ಕಾನ್ಸ್‌ಟೇಬಲ್ ಮೂಗಯ್ಯ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡ. ಇಪ್ಪತ್ತೆರಡು ವರ್ಷದ ಸರ್ವಿಸ್ಸಿನಲ್ಲಿ ಅವನು ದೂರುಗಳನ್ನು ಕೇಳಿ ಕೇಳಿ ಕಿವಿ ದಪ್ಪ ಮಾಡಿಕೊಂಡವನು.

ಮಧ್ಯಾಹ್ನದ ಹೊತ್ತಿಗೆ ಟವರ್ ಮಾಹಿತಿ ಬಂತು. ಫೋನು ಕೊನೆಯ ಸಲ ಉಸಿರಾಡಿದ್ದು ಕಲ್ಲುಮಾಳದಲ್ಲೇ, ಮಂಗಳವಾರ ಸಂಜೆ ನಾಲ್ಕರ ಸುಮಾರಿಗೆ.

ಚೆಂಡುಹೂವಿನ ಹೊಲಗಳ ಮುಂದೆ ಕೇರಳದ ಕಾರುಗಳು ಸಾಲುಗಟ್ಟಿ ನಿಂತಿದ್ದವು. ಅವನ್ನು ದಾಟಿ ಎಡಕ್ಕೆ ಹೊರಳಿದರೆ ಹೂವೂ ಇಲ್ಲ, ಫೋಟೋ ತೆಗೆಯುವವರೂ ಇಲ್ಲ. ರಸ್ತೆಯೆಲ್ಲ ಬಿಳಿ ಧೂಳು. ಕಲ್ಲುಮಾಳದ ಕ್ವಾರಿಯ ಪರವಾನಗಿ ಮುಗಿದು ಎರಡು ವರ್ಷವಾಗಿತ್ತು. ಮುಗಿದದ್ದು ಪರವಾನಗಿ ಮಾತ್ರ. ಮಾಲೀಕ ಬಸವಪ್ರಸಾದ್, ತಾಲ್ಲೂಕಿನ ಮುಖಂಡ, ಮುಂದಿನ ಚುನಾವಣೆಗೆ ಟಿಕೆಟ್ ಕೇಳುತ್ತಿದ್ದವನು. ಕ್ವಾರಿಯ ಶೆಡ್ಡಿನಲ್ಲಿ ಕುರ್ಚಿ ಹಾಕಿಸಿ ಎಳನೀರು ತರಿಸಿದ. ಶಶಿರೇಖಾ ಮುಟ್ಟಲಿಲ್ಲ.

"ಹೋದ ವಾರ ಹೊರಗಿನವರು ಯಾರಾದರೂ ಬಂದಿದ್ದರಾ?"

"ಯಾವ ಕರಿಯನೂ ಇಲ್ಲಿ ಕಾಲಿಟ್ಟಿಲ್ಲ ಮೇಡಂ."

"ಹೊರಗಿನವರು ಅಂದೆ. ಕರಿಯ ಅಂತ ನಾನೆಲ್ಲಿ ಅಂದೆ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. ಬಸವಪ್ರಸಾದ್ ನಕ್ಕ. "ಊರಲ್ಲಿ ಮಾತಾಡ್ತಿದ್ರು. ಮಕ್ಕಳ ಕಳ್ಳ ಇರ್ಬೇಕು ಅಂತ. ಅಂಥವರಿಗೆಲ್ಲ ನೀವು ಯಾಕೆ ತಲೆ ಕೆಡಿಸ್ಕೊತೀರಿ?"

ಜೀಪು ಕ್ವಾರಿಯ ಗೇಟು ದಾಟುವಷ್ಟರಲ್ಲಿ ಫೋನು ಬಂತು. ಮೇಲಿನವರು ಅಲ್ಲ, ಮೇಲಿನವರಿಗೂ ಮೇಲಿನವರು. ಹುಡುಗನ ವೀಸಾ ಮುಗಿದಿರಬಹುದು, ತಲೆಮರೆಸಿಕೊಂಡಿರಬಹುದು, ವಿದೇಶಿಯರ ಗೊಡವೆ ನಮಗೇಕೆ ಎಂಬ ಸಲಹೆ. ಶಶಿರೇಖಾ "ಸರಿ ಸರ್" ಎಂದು ಫೋನಿಟ್ಟರು.

"ವಾಪಸ್ ಓಗನಾ ಮೇಡಂ?" ಎಂದ ಮೂಗಯ್ಯ.

"ಊರೊಳಗೆ ನಡಿ. ಸಿಡಿಮದ್ದಿಗೆ ಬಿರುಕು ಬಿಟ್ಟ ಮನೆಗಳಿವೆಯಲ್ಲ, ಅಲ್ಲಿಗೆ. ಅವನು ಬಂದಿದ್ದರೆ ಅಲ್ಲಿಗೇ ಬಂದಿರುತ್ತಾನೆ."

ಮೂರನೆಯ ಮನೆ ದೊಡ್ಡಮಾದಮ್ಮನದು. ಕೂಲಿ ಮಾಡಿ, ಒಂದು ಹಸು ಸಾಕಿ ಬದುಕುವ ಮುದುಕಿ. ಗೋಡೆಯ ಬಿರುಕಿಗೆ ಗೋಣಿಚೀಲ ತುರುಕಿದ್ದಳು. ಪೊಲೀಸರನ್ನು ಕಂಡು ಎದ್ದು ನಿಂತವಳು, ಹುಡುಗನ ಫೋಟೋ ನೋಡಿ ಕೂತುಬಿಟ್ಟಳು.

"ಬಂದಿದ್ದ ಕಣವ್ವ. ಗ್ವಾಡೆ ನೋಡಿ ಫೋಟ ಇಡ್ಕಂಡ. ನಿನ್ನೆಸರೇನಪ್ಪಾ ಅಂದೆ. ಮಂಗಳವಾರ ಉಟ್ಟಿದೋರ್ಗೆ ಅವ್ರ ಊರ್ನಲ್ಲಿ ಅದೇ ಎಸರಂತೆ. ನಮ್ಮಲ್ಲೂ ಸ್ವಾಮಾರ ಉಟ್ಟಿದ್ರೆ ಸೋಮ ಅನ್ನಕಿಲ್ವ? ಅಂಗಾರೆ ನಿನ್ನ ಮಂಗಳಯ್ಯ ಅಂತೀನಿ ಬುಡು ಅಂದೆ. ನಕ್ಕ. ಮುದ್ದೆ ಇಕ್ದೆ. ನುಂಗಕ್ಕೆ ನಾನೇನು ಯೋಳ್ಕೊಡ್ನಿಲ್ಲ, ಅವ್ರೂ ಇಂಗೇ ಉಣ್ತಾರಂತೆ, ಅಗಿಯದೇಯ."

"ಆಮೇಲೆ?"

"ಕೋರೆ ತಾವ್ಕೆ ಓಗ್ಬುಟ್ಟು ಬತ್ತೀನಿ ಅಂದ. ಬ್ಯಾಡ ಕಲಾ ಮಗಾ ಅಂದೆ. ಓದ." ಸೆರಗಿನಿಂದ ಮೂಗೊರೆಸಿಕೊಂಡಳು. "ಬರ್ನಿಲ್ಲ."

"ಆ ಸಂಜೆ ಏನಾದರೂ ಬೇರೆ ನಡೆಯಿತಾ?"

"ಇನ್ನೇನು ನಡೆದದು? ನಮ್ಮ ಅಯ್ನೋರು, ಗುರುಪಾದಸ್ವಾಮೇರು, ಮಬ್ಬುಗತ್ತಲಲ್ಲಿ ಗುಡಿ ತಾವು ಬಿಲ್ಪತ್ರೆ ಕೀಳ್ತಿದ್ರು. ಕಂಕುಳಲ್ಲಿ ಈಬೂತಿ ಗಟ್ಟಿ. ಯಾರು ಓಗ್ಬುಟ್ರು ಅಯ್ನೋರೇ ಅಂದ್ರೆ ಮಾತೇ ಆಡ್ನಿಲ್ಲ. ಮೂರನೇ ದಿನ ನಮ್ಮಟ್ಟಿಗೇ ಬಂದು ಆಲು ಈಸ್ಕಂಡ್ರು. ತುಪ್ಪ ಇದ್ದದಾ ಅಂದ್ರು."

ಶಶಿರೇಖಾ ಮೂಗಯ್ಯನ ಮುಖ ನೋಡಿದರು. ಮೂಗಯ್ಯ ಇನ್ಸ್‌ಪೆಕ್ಟರ ಮುಖ ನೋಡಿದ. ಈ ಸೀಮೆಯಲ್ಲಿ ಹುಟ್ಟಿದ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಲಿಂಗಾಯತರಲ್ಲಿ ಸತ್ತವರನ್ನು ಕೂರಿಸಿ, ಪತ್ರೆ ವಿಭೂತಿ ಇಟ್ಟು ಮಣ್ಣು ಮಾಡುತ್ತಾರೆ. ಅದನ್ನು ಮಾಡಿಸುವವರು ಜಂಗಮರಾದ ಅಯ್ಯನವರು. ಮೂರನೆಯ ದಿನ ಗುಂಡಿಗೆ ಹಾಲು ತುಪ್ಪ ಬಿಡುತ್ತಾರೆ.

"ಅಜ್ಜಿ, ಈ ವಾರ ಊರಲ್ಲಿ ಸತ್ತವರು ಯಾರು?"

"ಯಾರೂ ಸತ್ತಿಲ್ಲ ಕಣವ್ವ. ಅದ್ಕೇ ನಾನು ಕೇಳಿದ್ದು."

ಗುರುಪಾದಸ್ವಾಮಿಗೆ ಐವತ್ತೈದು ದಾಟಿತ್ತು. ಪೂಜೆ ಪುನಸ್ಕಾರದಿಂದ ಹೊಟ್ಟೆ ತುಂಬದೆ, ಒಂಬತ್ತು ವರ್ಷದಿಂದ ಬಸವಪ್ರಸಾದನ ಕ್ವಾರಿಯಲ್ಲಿ ಜೆಸಿಬಿ ಓಡಿಸುತ್ತಿದ್ದ. ಸಂಜೆ ಆರಕ್ಕೆ ಅವನನ್ನು ಠಾಣೆಗೆ ಕರೆತಂದರು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು.

"ಮಂಗಳವಾರ ಪತ್ರೆ ಕಿತ್ತದ್ದು ಯಾರಿಗೆ?"

"ದೇವರ್ಗೆ ತಾಯಿ."

"ವಿಭೂತಿ ಗಟ್ಟಿ?"

"ದೇವರ್ಗೇ."

"ಮೂರನೇ ದಿನ ಹಾಲು?"

ಅವನು ಹೆಗಲ ಮೇಲಿನ ಟವಲಿನಿಂದ ಹಣೆ ಒರೆಸಿಕೊಂಡ.

"ಹಾಲು ಕುಡಿಯುವ ಆ ದೇವರು ಎಲ್ಲಿದೆ, ತೋರಿಸಿ. ನಾನೂ ಕೈಮುಗಿದು ಬರುತ್ತೇನೆ."

ಗುರುಪಾದಸ್ವಾಮಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. "ಕುಂತವ್ನೆ ತಾಯಿ," ಎಂದ. "ನಾನೇ ಕುಂಡ್ರಿಸಿವ್ನಿ."

ಆಮೇಲೆ ಎಲ್ಲ ಬಂತು. ಹುಡುಗ ಸಿಡಿಮದ್ದಿನ ಕುಳಿಗಳನ್ನು ಚಿತ್ರೀಕರಿಸುತ್ತಿದ್ದ. ಬಸವಪ್ರಸಾದ್ ಫೋನು ಕೇಳಿದ. ಹುಡುಗ ಕೊಡಲಿಲ್ಲ. ಬಸವಪ್ರಸಾದ್ ಜೀಪಿನಿಂದ ಜಾಕಿ ರಾಡು ತೆಗೆದು ತಲೆಗೆ ಹೊಡೆದ, ಒಂದೇ ಏಟು. ಗುಂಡಿಗೆ ತಳ್ಳಿ ಮೇಲೆ ಚೂರುಗಲ್ಲು ಸುರಿ, ಬೆಟ್ಟದಷ್ಟು ಸುರಿ ಎಂದು ಗುರುಪಾದಸ್ವಾಮಿಗೆ ಹೇಳಿ, ಕೂಲಿಯವರನ್ನೆಲ್ಲ ಮನೆಗೆ ಅಟ್ಟಿ ಹೊರಟುಹೋದ.

"ಸುರಿಯಕ್ಕೆ ಕೈ ಬರ್ನಿಲ್ಲ. ನಮ್ಮಪ್ಪ, ನಮ್ಮ ತಾತ ಎಲ್ರೂ ಊರ ಎಣಗಳ ಕುಂಡ್ರಿಸಿ ಕಳಿಸ್ದೋರು. ನಾಯಿ ಮುಚ್ದಂಗೆ ಎಂಗ್ ಮುಚ್ಚನ? ದೂರ ತಕ್ಕೊಂಡೋಗಿ, ಆರೇಲಿ ಗುಂಡಿ ತೋಡಿ ಗೂಡು ಕಡ್ದೆ."

ಶಶಿರೇಖಾ ಮೇಜಿನ ಮೇಲೆ ಕೈ ಬಡಿದರು. "ಪತ್ರೆ ತರೋಕೆ ಕಾಲು ಬಂತು, ಹಾಲು ತರೋಕೆ ಕಾಲು ಬಂತು. ಠಾಣೆಗೆ ಬರೋಕೆ ಬರಲಿಲ್ಲವಾ? ಅವನ ತಂಗಿ ಆರು ದಿನ ಬೀದಿ ಬೀದಿ ಅಲೆದಳಲ್ಲ!"

"ಯಾವ ಠಾಣೆಗೆ ಬರ್ಲಿ ತಾಯಿ? ಓದ್ ಕಡೇಲೆಲ್ಲ ನಮ್ಮ ಧಣಿ ಕುರ್ಚಿ ಮ್ಯಾಲೆ ಕುಂತಿರೋರು. ನಾನು ನೆಲದ ಮ್ಯಾಲೆ."

ಅದು ತಪ್ಪಿಸಿಕೊಳ್ಳುವ ಮಾತು ಹೌದು. ಸುಳ್ಳು ಮಾತಲ್ಲ. ಇನ್ಸ್‌ಪೆಕ್ಟರ ಸಿಟ್ಟು ಇಳಿಯಲಿಲ್ಲ, ಆದರೆ ಅದು ಯಾರ ಮೇಲೆ ಎಂದು ಅವರಿಗೇ ಸ್ವಲ್ಪ ಹೊತ್ತು ತಿಳಿಯದಾಯಿತು.

ಆಗಸ್ಟ್ 19, ಮಂಗಳವಾರ, ಬೆಳಿಗ್ಗೆ ಎಂಟು. ತಹಶೀಲ್ದಾರರ ಎದುರು, ಇಬ್ಬರು ಪಂಚರನ್ನಿಟ್ಟುಕೊಂಡು, ಸುದ್ದಿ ಹೊರಬೀಳದಂತೆ ಗೇಟಿಗೆ ಕಾವಲು ಹಾಕಿ ಮಣ್ಣು ತೆಗೆಸಲಾಯಿತು. ಕ್ವಾರಿಯ ಹಿಂದೆ, ಕಲ್ಲಿನ ರಾಶಿ ತಲುಪದ ಹೊಂಗೆ ಮರದ ಕೆಳಗೆ. ಮಣ್ಣಿನ ಮೇಲೆ ಹಾಲಿನ ಕುಡಿಕೆ ಕವುಚಿಕೊಂಡಿತ್ತು. ಒಳಗೆ ಗೋಡೆಯಲ್ಲಿ ಗೂಡು ಕೊರೆದು, ಅದರಲ್ಲಿ ಹುಡುಗನನ್ನು ಪದ್ಮಾಸನದಲ್ಲಿ ಕೂರಿಸಲಾಗಿತ್ತು. ಹಣೆಯ ಮೇಲೆ ವಿಭೂತಿ. ಬಾಡಿದ ಪತ್ರೆ. ಎಡಗೈ ಮುಷ್ಟಿ ಬಿಗಿದಿತ್ತು. ವೈದ್ಯರು ಬಿಡಿಸಿದಾಗ ಅಂಗೈಯಲ್ಲಿ ಅವನ ಕತ್ತಿನ ಸರದ ಸಣ್ಣ ಶಿಲುಬೆ ಕಂಡಿತು.

"ಇದನ್ನು ಇಲ್ಲಿಟ್ಟವರು ಯಾರು?" ಎಂದು ತಹಶೀಲ್ದಾರರು ಕೇಳಿದರು.

ಬೇಡಿ ಹಾಕಿಸಿಕೊಂಡು ನಿಂತಿದ್ದ ಗುರುಪಾದಸ್ವಾಮಿ ಹೇಳಿದ: "ನಮ್ಮೋರ ಎಡಗೈಲಿ ಲಿಂಗ ಇಡ್ತೀವಿ ಸ್ವಾಮಿ. ಅವನದು ಅದು ಅಂತ ಕಾಣ್ತು. ಇಟ್ಟೆ."

ಪಂಚನಾಮೆ ಬರೆಯುತ್ತಿದ್ದ ಮೂಗಯ್ಯ ಆ ಸಾಲಿಗೆ ಬಂದಾಗ ಪೆನ್ನು ನಿಲ್ಲಿಸಿ, ಮತ್ತೆ ಬರೆದ. ಕರೆಸಿಕೊಂಡಿದ್ದ ಅಫುವಾ ದೂರದಿಂದಲೇ ಅಂಗಿಯ ಗುರುತು ಹಿಡಿದಳು. ಹತ್ತಿರ ಬಂದು, ಅಣ್ಣನ ಮೊಣಕಾಲ ಮೇಲಿನ ಮಣ್ಣನ್ನು ಕೈಯಿಂದ ಒರೆಸಿದಳು. ಶವವನ್ನು ಮರಣೋತ್ತರ ಪರೀಕ್ಷೆಗೆ ಚಾಮರಾಜನಗರಕ್ಕೆ ಕಳಿಸಿದರು. ಗುರುಪಾದಸ್ವಾಮಿ ತೋರಿಸಿದ ಕಲ್ಲುಸಂದಿಯಲ್ಲಿ ಜಾಕಿ ರಾಡೂ ಒಡೆದ ಫೋನೂ ಸಿಕ್ಕವು. ಪ್ರಕರಣ ಕೊಲೆ ಮತ್ತು ಸಾಕ್ಷ್ಯನಾಶಕ್ಕೆ ಬದಲಾಯಿತು.

ಮಧ್ಯಾಹ್ನ ಒಂದು ಗಂಟೆಗೆ ಬಸವಪ್ರಸಾದ್ ಹರದನಹಳ್ಳಿಯ ಹತ್ತಿರ ಸಸಿ ನೆಡುತ್ತಿದ್ದ. ಸುಳ್ಳಲ್ಲ. ಪೆಂಡಾಲು, ಮೈಕು, "ಹಸಿರೇ ಉಸಿರು" ಎಂಬ ಬ್ಯಾನರು, ಕತ್ತಿನಲ್ಲಿ ಹಾರ, ಕೈಯಲ್ಲಿ ಗುದ್ದಲಿ. ಗುಡ್ಡವನ್ನೇ ನುಂಗಿದವನಿಗೆ ಒಂದು ಗೇಣು ಸಸಿ ಹಿಡಿದುಕೊಂಡು ಫೋಟೋಗೆ ನಿಲ್ಲಲು ನಾಚಿಕೆಯಿರಲಿಲ್ಲ. ಚಪ್ಪಾಳೆ ತಟ್ಟುತ್ತಿದ್ದವರಿಗೂ ಇರಲಿಲ್ಲ. ಶಶಿರೇಖಾ ವೇದಿಕೆಯ ಮುಂದೆ ಹೋಗಿ ನಿಂತರು.

"ಗುದ್ದಲಿ ಕೆಳಗಿಡಿ. ಕೊಲೆ ಪ್ರಕರಣದಲ್ಲಿ ನಿಮ್ಮನ್ನು ಬಂಧಿಸುತ್ತಿದ್ದೇನೆ."

"ಯಾವ ಕೊಲೆ? ಹೆಣ ಎಲ್ಲಿದೆ?"

"ಕೂತಿತ್ತು. ನಿಮ್ಮ ಅಯ್ಯನವರು ಸಮಾಧಿ ಮಾಡಿದ್ದರು."

ಬಸವಪ್ರಸಾದನ ಮುಖ ಕೆಂಪಾಯಿತು. ಸಿಕ್ಕಿಬಿದ್ದೆನೆಂಬ ಭಯಕ್ಕಿಂತ ಮೊದಲು ಬಂದದ್ದು ಸಿಟ್ಟು. "ಆ ಕರಿ ನನ್ಮಗನಿಗೆ ಸಮಾಧಿನಾ? ನಮ್ಮೋರಂಗೆ?" ಎಂದು ಮೈಕಿನ ಎದುರೇ ಕಿರುಚಿದ. ಪೆಂಡಾಲಿಗೆ ಪೆಂಡಾಲೇ ಕೇಳಿಸಿಕೊಂಡಿತು. ಮೂಗಯ್ಯ ಹಾರ ತೆಗೆದು, ಬೇಡಿ ಹಾಕಿ, ಸಮಯ ಬರೆದುಕೊಂಡ.

ಯಾಕೆ ಹೊಡೆದೆ ಎಂಬುದಕ್ಕೆ ಅವನು ಕೊನೆಗೆ ಕೊಟ್ಟ ಉತ್ತರ ಚಿಕ್ಕದು. ಕ್ವಾರಿ ಮುಚ್ಚುತ್ತದೆಂಬ ಹೆದರಿಕೆಯೇನೂ ಇರಲಿಲ್ಲ. ಯಾರನ್ನು ಎಲ್ಲಿ ನೋಡಬೇಕೆಂದು ಗೊತ್ತಿತ್ತು. ಆದರೆ ಆ ಹುಡುಗ ಕೆಲಸದವರ ಎದುರು ಕಣ್ಣು ತಗ್ಗಿಸದೆ ನಿಂತು, "ನಿನ್ನನ್ನು ನಾನು ನಮ್ಮೂರಲ್ಲೂ ನೋಡಿದ್ದೇನೆ" ಎಂದಿದ್ದ. ಫೋನು ಕೊಡು ಎಂದರೆ, ಇಲ್ಲ ಎಂದಿದ್ದ. ಇಲ್ಲ ಎನ್ನುವ ಮಾತನ್ನು ಬಸವಪ್ರಸಾದ್ ಕೇಳಿ ಎಷ್ಟೋ ವರ್ಷಗಳಾಗಿದ್ದವು. ಅದನ್ನು ಅವನಿಗೆ ಹೇಳಬೇಕಾಗಿದ್ದವರಲ್ಲಿ ಒಬ್ಬರೂ ಹೇಳಿರಲಿಲ್ಲ: ಪರವಾನಗಿ ನೋಡಬೇಕಾದವರು, ಸಿಡಿಮದ್ದು ಲೆಕ್ಕ ಹಾಕಬೇಕಾದವರು, ಖಾಕಿ ತೊಟ್ಟವರು. ಶಶಿರೇಖಾ ಈ ಕೊನೆಯ ಮಾತನ್ನು ಕೇಸ್ ಡೈರಿಯಲ್ಲಿ ಬರೆಯಲಿಲ್ಲ. ಬರೆಯುವ ಜಾಗ ಅದಲ್ಲ.

ಸಂಜೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಲು ಕರೆದೊಯ್ಯುವಾಗ, ಠಾಣೆಯ ಜಗುಲಿಯಲ್ಲಿ ಅಫುವಾ ಗುರುಪಾದಸ್ವಾಮಿಗೆ ಅಡ್ಡ ನಿಂತಳು. ಮೂಗಯ್ಯ ತಡೆಯಲು ಹೋದ; ಶಶಿರೇಖಾ ಬೇಡವೆಂದು ಕಣ್ಣಲ್ಲೇ ಹೇಳಿದರು.

"ಮಣ್ಣು ಹಾಕುವಾಗ ಉಸಿರು ಇತ್ತಾ?" ವಾರ್ಡಿನಲ್ಲಿ ಕಲಿತ ಕನ್ನಡ.

"ಇರ್ನಿಲ್ಲ ಕಣವ್ವ. ಎದೆ ಮ್ಯಾಲೆ ಕಿವಿ ಇಟ್ಟು ಕೇಳ್ದೆ. ಬಾಳ ವೊತ್ತು ಕೇಳ್ದೆ."

ಅವಳು ಪಕ್ಕಕ್ಕೆ ಸರಿದು ಜೀಪಿಗೆ ದಾರಿ ಬಿಟ್ಟಳು. ಆಮೇಲೆ ಕಂಬಕ್ಕೆ ಒರಗಿ ಊರಿಗೆ ಫೋನು ಮಾಡಿ ತನ್ನ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿದಳು. ಆ ಕಡೆಯಿಂದ ಹೆಂಗಸೊಬ್ಬಳು ಅಳುವುದು ಜಗುಲಿಯ ಆಚೆಗೂ ಕೇಳುತ್ತಿತ್ತು. ಮೂಗಯ್ಯ ಲೋಟದಲ್ಲಿ ನೀರು ಹಿಡಿದುಕೊಂಡು ಕಾದಿದ್ದ.

"ಅಮ್ಮಂಗೆ ಏನ್ ಹೇಳ್ದೆ ತಾಯಿ?"

ಅಫುವಾ ನೀರು ಕುಡಿದು ಲೋಟ ವಾಪಸು ಕೊಟ್ಟಳು.

"ಈ ಸಲ ಸಿಕ್ಕಿದಾನೆ, ಕರ್ಕೊಂಡು ಬರ್ತೀನಿ ಅಂದೆ."