ಹೆಗ್ಗಣದ ನೀಲಿ ಸೀಸೆ

"ಥೂ! ಎತ್ತಿ ಇದನ್ನ... ಮೊದಲು ಎತ್ತಿ ಇಲ್ಲಿಂದ!"

ಕೌಂಟರಿನ ಮೇಲೆ ಧೊಪ್ಪೆಂದು ಬಿದ್ದ ಗೋಣಿಚೀಲದಿಂದ ಎದ್ದ ನಾತಕ್ಕೆ ಅವಳು ಹಿಂದಕ್ಕೆ ಹಾರಿದಳು. ಅದೆಂಥ ನಾತ! ಕೊಳೆತ ಚರ್ಮ, ಹಳೇ ಬೂದಿ, ಸತ್ತ ಇಲಿ... ಎಲ್ಲ ಸೇರಿ ಮೂಗಿನೊಳಗೆ ಕೈ ಹಾಕಿ ಕಲಕಿದ ಹಾಗೆ. ಚೀಲದ ಬಾಯಿಂದ ಒಂದು ಪ್ಯಾಂಟಿನ ಕಾಲು ಇಳಿಬಿದ್ದಿತ್ತು. ಅದರ ತುದಿಯಿಂದ ಕಪ್ಪನೆಯ ಏನೋ ತೊಟ್ಟಿಕ್ಕಿ, ಅವಳು ಆಗ ತಾನೇ ಒರೆಸಿದ್ದ ಬಿಳಿ ಹಾಸಿನ ಮೇಲೆ ಹರಡಿತು.

"ಬಟ್ಟೆ ಒಗೆಯೋ ಅಂಗಡಿ ತಾನೇ ಇದು?" ಎಂದ ಚೀಲ ತಂದವನು. ಮೊಣಕಾಲಿನವರೆಗೆ ಕೆಸರು, ಹುಬ್ಬಿನ ಮೇಲೂ ಕೆಸರು. ನಕ್ಕಾಗ ಕಂಡ ಹಲ್ಲು ಮಾತ್ರ ಬಿಳಿ.

"ಬಟ್ಟೆ ಒಗೆಯೋ ಅಂಗಡಿ. ಹೆಣ ತೊಳೆಯೋ ಅಂಗಡಿ ಅಲ್ಲ!"

"ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರಲ್ಲ ಮೇಡಂ..."

"ಕೆಸರಾಗಿರೋದು ನನ್ನ ಕೌಂಟರು. ಮೊಸರು ಯಾರಿಗೆ?"

ಅವನು ಜೋರಾಗಿ ನಕ್ಕುಬಿಟ್ಟ. ಅವಳು ನಗಲಿಲ್ಲ. ಇಕ್ಕಳದಿಂದ ಚೀಲದ ತುದಿ ಹಿಡಿದು, ಮುಖ ಆಚೆ ತಿರುಗಿಸಿಕೊಂಡೇ ಹಿತ್ತಲಿನ ತೊಟ್ಟಿಗೆ ಎಸೆದು ಬಂದಳು. ಚೀಟಿಯಲ್ಲಿ ಹೆಸರಿನ ಜಾಗಕ್ಕೆ ಅವಳು ಗೀಚಿದ್ದು ಒಂದೇ ಪದ: ಹೆಗ್ಗಣ.

ಅವನು ಓದಿದ. "ಪರವಾಗಿಲ್ಲ. ನೆಲ ತೋಡೋದ್ರಲ್ಲಿ ಅದು ನನಗಿಂತ ಮೇಲು," ಎಂದು ಚೀಟಿ ಜೇಬಿಗಿಟ್ಟುಕೊಂಡು ಹೊರಟುಹೋದ.

ಅವಳನ್ನು ಬೀದಿಯವರೆಲ್ಲ ಚೊಕ್ಕಿ ಎಂದೇ ಕರೆಯುತ್ತಿದ್ದರು. ಅಷ್ಟು ಚೊಕ್ಕಟ! ಆದರೆ ಹಣೆಬರಹ ನೋಡಿ, ಹೇಸಿಗೆಯೆಂದರೆ ಆಗದವಳಿಗೆ ಊರವರ ಕೊಳೆ ತೊಳೆಯುವ ಕೆಲಸ. ಸೋದರತ್ತೆಯ ಲಾಂಡ್ರಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಯಾರದೋ ಕಾಲರಿನ ಜಿಡ್ಡು, ಯಾರದೋ ಕಂಕುಳಿನ ಬೆವರು, ಯಾರದೋ ಕರವಸ್ತ್ರದೊಳಗಿನ... ಬೇಡ ಬಿಡಿ, ಊಟ ಮಾಡುತ್ತಾ ಓದುವವರೂ ಇರುತ್ತೀರಿ. ಒಂದರ ಮೇಲೊಂದು ಎರಡು ರಬ್ಬರ್ ಗ್ಲೌಸ್ ಹಾಕದೆ ಅವಳು ಏನನ್ನೂ ಮುಟ್ಟುತ್ತಿರಲಿಲ್ಲ.

ಗಂಡಸರ ವಿಷಯದಲ್ಲೂ ಅದೇ ಕಥೆ. ಅತ್ತೆ ಪರಿಚಯ ಮಾಡಿಸಿದ ಮೇಷ್ಟ್ರು ಸುರ್ರೆಂದು ಸದ್ದು ಮಾಡಿಕೊಂಡು ಚಹಾ ಕುಡಿದರು, ಬೇಡ. ಬ್ಯಾಂಕಿನವನ ಕಿರುಬೆರಳಿನ ಉಗುರು ಮಾತ್ರ ಉದ್ದವಿತ್ತು. ಅದು ಯಾತಕ್ಕೆ ಎಂಬುದು ಬೆರಳು ಕಿವಿಯೊಳಗೆ ಹೋದಾಗ ಗೊತ್ತಾಯಿತು. ಥೂ, ಬೇಡವೇ ಬೇಡ!

"ಹೀಗೇ ಮೂಗು ಮುರೀತಾ ಇರು. ಕೊನೆಗೆ ನಿನ್ನ ಪಾಲಿಗೆ ಮೂಗೊಂದೇ ಉಳಿಯೋದು," ಎಂದು ಅತ್ತೆ ಇಸ್ತ್ರಿ ಪೆಟ್ಟಿಗೆ ಕುಕ್ಕುತ್ತಿದ್ದಳು.

ಇಂಥವಳ ಎದುರಿಗೆ ಬಂದು ನಿಂತವನ ಕಸುಬು ಕೇಳಿದರೆ ನೀವೂ ಮೂಗು ಮುಚ್ಚಿಕೊಳ್ಳುತ್ತೀರಿ. ಊರಾಚೆ, ಬಾಗಿಲು ಹಾಕಿದ ಚರ್ಮದ ಕಾರ್ಖಾನೆಯ ಹಿಂದೆ, ಮುತ್ತಜ್ಜಂದಿರ ಕಾಲದ ಒಂದು ತಿಪ್ಪೆ. ಊರು ಅದನ್ನು ಎಂದೋ ಮರೆತು, ಮೇಲೆ ಮುಳ್ಳುಗಿಡ ಬೆಳೆದಿತ್ತು. ಅವನು ಅಲ್ಲಿ ಆಳೆತ್ತರದ ಗುಂಡಿ ತೋಡಿ, ಬೂದಿ, ಮೂಳೆ, ಕೊಳೆತ ಬೂಟುಗಳ ನಡುವೆ ಕೈಯಾಡಿಸಿ ಹಳೇ ಗಾಜಿನ ಸೀಸೆಗಳನ್ನು ಹುಡುಕುತ್ತಿದ್ದ. ಶಾಯಿಯ ಸೀಸೆ, ಕೆಮ್ಮಿನ ಔಷಧಿಯ ಸೀಸೆ, ಕುತ್ತಿಗೆಯಲ್ಲಿ ಗೋಲಿ ಕೂತ ಸೋಡಾ ಸೀಸೆ. ಅವನ್ನು ಕೊಂಡು ಗಾಜಿನ ಕಪಾಟಿನಲ್ಲಿ ಜೋಡಿಸಿಟ್ಟುಕೊಳ್ಳುವ ಹುಚ್ಚರೂ ಇದ್ದಾರಂತೆ!

"ಯಾರೋ ಬಾಯಿಟ್ಟು ಕುಡಿದು ಎಸೆದಿದ್ದು. ಅದನ್ನ ಮನೇಲಿ ಇಟ್ಕೋತಾರಾ? ಛೀ!"

"ಬಾಯಿಟ್ಟೋರು ಸತ್ತೇ ಎಷ್ಟೋ ಕಾಲ ಆಯ್ತಲ್ಲ."

"ಅದಕ್ಕೇ ಇನ್ನೂ ಹೇಸಿಗೆ!"

ಒಳಗಿನಿಂದ ಅತ್ತೆಯ ದನಿ ಬಂತು. "ಗುಡ್ಡ ಅಗೆದು ಇಲಿ ಹಿಡಿಯೋರನ್ನ ಕೇಳಿದ್ದೆ. ತಿಪ್ಪೆ ಅಗೆದು ಬಾಟ್ಲಿ ಹಿಡಿಯೋನನ್ನ ಈಗಲೇ ಕಂಡಿದ್ದು!"

ಅವನು ಪ್ರತಿ ಶನಿವಾರ ಬರತೊಡಗಿದ. ಅಂಗಡಿಗೆ ಕಾಲಿಡುವ ಮೊದಲು ಹಿತ್ತಲ ನಲ್ಲಿಯಲ್ಲಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಬೆಂಕಿಕಡ್ಡಿಯಿಂದ ಒಂದೊಂದೇ ಉಗುರಿನ ಸಂದು ಕೆರೆದು, ಆಮೇಲೆ ಕೌಂಟರಿನ ಮುಂದೆ ನಿಲ್ಲುತ್ತಿದ್ದ. ಹಾಗೆ ಮಾಡು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಕಿಟಕಿಯಿಂದ ಅದನ್ನು ಕದ್ದು ನೋಡಿದ ದಿನ ಅವಳಿಗೆ ಏನೋ ಆಯಿತು. 'ಬ್ಯಾಂಕಿನವನ ಉಗುರಿಗಿಂತ ಈ ಹೆಗ್ಗಣದ್ದೇ ಚೊಕ್ಕಟವಾಗಿದೆಯಲ್ಲ...'

"ಇವತ್ತು ಒಂದು ಹಲ್ಲಿನ ಸೆಟ್ ಸಿಕ್ತು," ಎನ್ನುವನು. "ಬೂದಿ ಒಳಗಿಂದ ನನ್ನ ನೋಡಿ ನಗ್ತಾ ಇತ್ತು."

"ಅಯ್ಯೋ ಸಾಕು! ಹೇಳಬೇಡ!" ಎಂದು ಕಿವಿ ಮುಚ್ಚಿಕೊಳ್ಳುವಳು. ಒಂದು ನಿಮಿಷ ಬಿಟ್ಟು, "...ಆಮೇಲೆ?"

ವಾರವೆಲ್ಲ ಅವನ ಬಟ್ಟೆಗೆ ಹೇಸಿಕೊಳ್ಳುತ್ತ, ವಾರವೆಲ್ಲ ಶನಿವಾರಕ್ಕೆ ಕಾಯುತ್ತ ಅವಳು ದಿನ ದೂಡತೊಡಗಿದಳು. ಇದಕ್ಕೇನು ಹೆಸರು ಎಂದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಒಪ್ಪಿಕೊಳ್ಳಲು ಮೂಗು ಅಡ್ಡ ಬರುತ್ತಿತ್ತು, ಅಷ್ಟೇ!

ಒಂದು ಮಂಗಳವಾರ ಅವನು ಏದುಸಿರು ಬಿಡುತ್ತ ಓಡಿ ಬಂದ. ಕೈಯಲ್ಲಿ ಕಪ್ಪು ಕೆಸರು ತುಂಬಿದ ಬಕೆಟ್ಟು.

"ಸಿಕ್ತು! ಕೊನೆಗೂ ಸಿಕ್ತು!"

ಕೆಸರಿನ ನಡುವೆ ಒಂದು ಸೀಸೆಯ ಕುತ್ತಿಗೆ ಕಾಣುತ್ತಿತ್ತು. ಅವನು ಬೆರಳಿಂದ ಒಂದಿಷ್ಟು ಮಣ್ಣು ಸರಿಸಿದ. ಕಡುನೀಲಿ! ಮೈತುಂಬ ಉಬ್ಬಿದ ಗೀರುಗಳು.

"ವಿಷದ ಸೀಸೆ ಇದು. ಆಗ ದೀಪ ಕಮ್ಮಿ ನೋಡು. ಕತ್ತಲಲ್ಲಿ ಯಾರೂ ಕೆಮ್ಮಿನ ಔಷಧಿ ಅಂತ ಕುಡೀಬಾರದಲ್ಲ, ಅದಕ್ಕೇ ಈ ಗೀರು. ಕೈ ತಾಗಿದ್ರೆ ಸಾಕು, 'ಹುಷಾರು' ಅನ್ನುತ್ತೆ." ಅವಳ ಕಡೆ ನೋಡಿ ಸೇರಿಸಿದ. "ನಿನ್ನ ಹಾಗೇ."

"ಏನು, ನಾನು ವಿಷಾನಾ?"

"ಮುಟ್ಟೋಕೆ ಮುಂಚೆನೇ ಎಚ್ಚರಿಕೆ ಕೊಡ್ತೀಯ ಅಂದೆ!" ಅವನು ನಕ್ಕ. ಆಮೇಲೆ ನಗು ನಿಂತಿತು. "ಈ ಕೆಲಸಕ್ಕೆ ಇಳಿದಾಗಿಂದ ಹುಡುಕ್ತಾ ಇದೀನಿ. ಯಾವಾಗ್ಲೂ ಒಡೆದ ಚೂರೇ ಸಿಗೋದು. ಇಡಿಯಾಗಿ ಸಿಕ್ಕಿದ್ದು ಇದೇ ಮೊದಲು. ಇದನ್ನ ಮಾರಲ್ಲ. ಇದು ನಿನಗೆ."

ವಿಷದ ಸೀಸೆ, ಅದೂ ತಿಪ್ಪೆಯಿಂದ ಬಂದದ್ದು... ಲೋಕದಲ್ಲಿ ಯಾವ ಹುಡುಗಿಗೆ ಸಿಕ್ಕೀತು ಇಂಥ ಉಡುಗೊರೆ!

"ಬಕೆಟ್ಟಲ್ಲೇ ಇರಲಿ. ನೀನು ಮುಟ್ಟಬೇಡ, ನಿನಗೆ ಹೇಸಿಗೆ ಆಗುತ್ತೆ. ಶನಿವಾರ ನಾನೇ ಬಂದು ತೊಳೆದು ಕೊಡ್ತೀನಿ. ಆಗ... ನಿನ್ನ ಹತ್ರ ಒಂದು ಮಾತು ಕೇಳೋದಿದೆ."

ಅವನು ಹೋದ ಮೇಲೆ ಆ ಒಂದು ವಾಕ್ಯ ಅವಳನ್ನು ಚುಚ್ಚತೊಡಗಿತು. ನಿನಗೆ ಹೇಸಿಗೆ ಆಗುತ್ತೆ! 'ಅಂದರೆ ನಾನು ಇವನ ಪಾಲಿಗೆ ಬರೀ ಸಿಂಡರಿಸಿದ ಮೂತಿಯೇ? ನೋಡೇ ಬಿಡ್ತೀನಿ. ಅವನು ಬರುವಷ್ಟರಲ್ಲಿ ಫಳಫಳ ಹೊಳೆಯಬೇಕು ಆ ಸೀಸೆ!'

ಮರುದಿನ ಬೆಳಿಗ್ಗೆ ಅತ್ತೆ ಏಳುವ ಮೊದಲೇ ಅವಳು ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಗ್ಲೌಸ್ ಹಾಕಲಿಲ್ಲ. ಬರಿಗೈ! ಕೆಸರು ಬೆರಳ ಸಂದಿಯಿಂದ ಲೊಳಲೊಳನೆ ಜಾರಿತು. ಯಾರದೋ ಕೂದಲಿನ ಗಂಟು ಉಂಗುರದ ಹಾಗೆ ಬೆರಳಿಗೆ ಸುತ್ತಿಕೊಂಡಿತು. ಒಂದು ಬಿಳಿ ಹುಳು ಅಂಗೈ ಮೇಲೆ ಮೈ ಮುರಿಯಿತು. ಹಲ್ಲು ಕಚ್ಚಿಕೊಂಡು ಸೀಸೆಯನ್ನು ಮೇಲೆತ್ತಿದಳು.

ಆಮೇಲೆ ಮಾಡಿದ್ದು ಲಾಂಡ್ರಿಯವಳು ಮಾತ್ರ ಮಾಡಬಹುದಾದ ತಪ್ಪು. ಎಂಥ ಕೊಳೆಗೂ ಅವಳಿಗೆ ಗೊತ್ತಿದ್ದ ಮದ್ದು ಒಂದೇ, ಕುದಿಯುವ ನೀರು ಮತ್ತು ಸೋಡಾ. ಬಾಯ್ಲರಿನಿಂದ ನೇರ ಹಿಡಿದ ನೀರಿಗೆ ಸೀಸೆಯನ್ನು ಮುಳುಗಿಸಿದಳು.

ಟಕ್!

ಸಣ್ಣ ಸದ್ದು. ನೀಲಿ ಸೀಸೆ ಬುಡದಿಂದ ಬಾಯಿವರೆಗೆ ಸೀಳಿ, ಅವಳ ಕಣ್ಣೆದುರೇ ಚೂರುಚೂರಾಯಿತು.

ಅಷ್ಟು ಕಾಲ ಮಣ್ಣಿನ ತಂಪಿನಲ್ಲಿದ್ದ ಗಾಜು ಹೊರಗಿನ ಬಿಸುಪಿಗೆ ಮೆಲ್ಲಗೆ ಹೊಂದಿಕೊಳ್ಳಬೇಕು. ಅದಕ್ಕೇ ಅವನು ಅದನ್ನು ಅದೇ ಹಸಿಮಣ್ಣಿನಲ್ಲಿ ಹುದುಗಿಸಿ ತಂದದ್ದು. ಅದನ್ನು ಬಾಯಿಬಿಟ್ಟು ಹೇಳುವ ಬದಲು ಹೇಸಿಗೆಯ ಮಾತಾಡಿ ಹೋಗಿದ್ದ, ಪುಣ್ಯಾತ್ಮ!

ಅವಳು ಅಳುತ್ತ ಚೂರುಗಳನ್ನೆಲ್ಲ ಕೆಸರಿನ ಜೊತೆಗೇ ಕಸದ ಗಾಡಿಗೆ ಸುರಿದಳು.

ಶನಿವಾರ ಅವನು ಬಂದ. ಅವಳೇ ಇಸ್ತ್ರಿ ಮಾಡಿಕೊಟ್ಟಿದ್ದ ಬಿಳಿ ಅಂಗಿ, ಬಾಚಿದ ತಲೆ. ಮುಖದಲ್ಲಿ ಹಿಡಿಸಲಾರದಷ್ಟು ಸಂತೋಷ.

"ಬಕೆಟ್ ಎಲ್ಲಿ?"

'ಹೇಳಿಬಿಡು... ಒಡೆದುಹೋಯ್ತು ಅಂತ ಹೇಳಿಬಿಡು...' ಆದರೆ ಆ ಕಣ್ಣುಗಳನ್ನು ನೋಡಿ ಅವಳಿಗೆ ಹೆದರಿಕೆಯಾಯಿತು. ಹೆದರಿದಾಗಲೆಲ್ಲ ಅವಳ ಬಾಯಿಗೆ ಬರುತ್ತಿದ್ದದ್ದು ಹೇಸಿಗೆಯ ಮಾತೇ. ಅದೇ ಬಂತು.

"ಎಸೆದೆ."

"ಎಸೆದ್ಯಾ? ಎಲ್ಲಿಗೆ?"

"ಕಸದ ಗಾಡಿಗೆ. ನಾತ ತಡೆಯೋಕಾಗಲಿಲ್ಲ. ತಿಪ್ಪೆಯಿಂದ ಬಂದಿದ್ದು ತಿಪ್ಪೆಗೆ ಹೋಯ್ತು. ನನಗೆ ಹೇಸಿಗೆ ಅಂತ ನಿನಗೆ ಗೊತ್ತಿರಲಿಲ್ವಾ?"

ಅವನು ಉಜ್ಜಿ ಉಜ್ಜಿ ಕೆಂಪಾಗಿದ್ದ ತನ್ನ ಕೈಗಳನ್ನೊಮ್ಮೆ ನೋಡಿಕೊಂಡ.

"ಗೊತ್ತಿತ್ತು," ಎಂದ ಮೆಲ್ಲಗೆ. "ನಾನೇ ಮರೆತುಬಿಟ್ಟಿದ್ದೆ."

ಮುಂದಿನ ಶನಿವಾರ ಅವನು ಬರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ.

ಅಂಗಡಿಯಲ್ಲಿ ಈಗ ಸೋಪಿನ ಘಮ ಬಿಟ್ಟರೆ ಬೇರೆ ವಾಸನೆಯೇ ಇರಲಿಲ್ಲ. ಆದರೂ ಅವಳ ಮೂಗಿಗೆ ಏನೋ ನಾತ ಬಡಿಯುತ್ತಲೇ ಇತ್ತು! ಎಲ್ಲಿಂದ ಬರುತ್ತಿದೆ ಈ ನಾತ ಎಂದು ಮೂಲೆ ಮೂಲೆ ತೊಳೆದಳು, ಹಲ್ಲುಜ್ಜಿದಳು, ಮತ್ತೆ ಮತ್ತೆ ಬಾಯಿ ತೊಳೆದಳು. ಕೊನೆಗೊಂದು ಮಧ್ಯಾಹ್ನ ಕನ್ನಡಿ ಮುಂದೆ ನಿಂತಾಗ ತಿಳಿಯಿತು. ಬ್ಯಾಂಕಿನವನ ಉಗುರಿಗೆ, ಮೇಷ್ಟ್ರ ಚಹಾದ ಸುರ್ರೆನ್ನುವ ಸದ್ದಿಗೆ ಮುರಿದ ಆ ಮೂಗು ಈಗ ಅವಳ ಕಡೆಗೇ ತಿರುಗಿತ್ತು. ಅವಳಿಗೆ ಅವಳ ಮೇಲೇ ಹೇಸಿಗೆ!

ಅತ್ತೆಯ ಮಡಿಲಲ್ಲಿ ಮುಖ ಹುದುಗಿಸಿ ಎಲ್ಲ ಹೇಳಿಕೊಂಡಳು.

ಅತ್ತೆ ಸಮಾಧಾನ ಮಾಡುವ ಪೈಕಿಯಲ್ಲ. "ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರೆ. ನೀನು ಎರಡನ್ನೂ ಮಾಡಿದೀಯಲ್ಲೇ ಮಹಾರಾಯ್ತಿ! ಸೀಸೆ ಹೋದ್ರೆ ಹೋಗ್ಲಿ. ಅವನು ಮನುಷ್ಯ ಕಣೆ. ಅವನನ್ನೇ ಕಸ ಅಂದ್ಬಿಟ್ಟೆಯಲ್ಲ."

"ನಾನು ಹಾಗನ್ನಲಿಲ್ಲ ಅತ್ತೆ..."

"ಅವನಿಗೆ ಕೇಳಿಸಿದ್ದು ಅದೇ! ಈ ತಿಪ್ಪೆ ಮುಗೀತಂತೆ, ಬೇರೆ ಊರಿಗೆ ಹೊರಟಿದಾನಂತೆ. ಇವತ್ತೊಂದು ದಿನ ಇರ್ತಾನೆ ಅಂತ ಪೇಪರ್ ಹಾಕೋನು ಹೇಳ್ತಿದ್ದ. ಅಳೋದಿದ್ರೆ ಅಲ್ಲಿಗೆ ಹೋಗಿ ಅಳು. ನನ್ನ ಸೀರೆ ಒದ್ದೆ ಮಾಡಬೇಡ."

ಅವಳು ಓಡಿದಳು.

ಮುಳ್ಳುಗಿಡ ದಾಟಿ ಹೋದರೆ, ಅಬ್ಬಾ! ಅವನು ಅಂಗಡಿಗೆ ತರುತ್ತಿದ್ದದ್ದು ಈ ನಾತದ ಬರೀ ರುಚಿ. ಇದು ಪೂರ್ತಿ ಊಟ! ಮಧ್ಯಾಹ್ನದ ಬಿಸಿಲಿಗೆ ಗುಂಡಿಗಳೆಲ್ಲ ಆವಿಯಾಡುತ್ತಿದ್ದವು. ನೊಣಗಳ ಗುಂಪು ಅವಳ ತುಟಿ ಮೇಲೇ ಕೂರಲು ಬಂತು. ಕಾಲ ಕೆಳಗೆ ಏನೋ ಪಚಕ್ಕೆಂದಿತು. ಏನೆಂದು ಅವಳು ನೋಡಲಿಲ್ಲ, ನಾನೂ ಹೇಳುವುದಿಲ್ಲ.

ಕೊನೆಯ ಗುಂಡಿಯೊಳಗೆ ಅವನ ಬೆನ್ನು ಕಂಡಿತು.

"ಹೆಗ್ಗಣ...!"

ಅವನು ತಿರುಗುವಷ್ಟರಲ್ಲಿ ಅಂಚಿನ ಬೂದಿ ಕುಸಿಯಿತು. ಅವಳು ಜಾರಿ ಜಾರಿ ಬಂದು ತಳದಲ್ಲಿ ನಿಂತಿದ್ದ ಕಪ್ಪು ನೀರಿನಲ್ಲಿ ಸೊಂಟದವರೆಗೆ ಇಳಿದಳು.

"ಅಯ್ಯೋ! ನೀನ್ಯಾಕೆ ಇಲ್ಲಿಗೆ ಬಂದೆ? ಬಾ, ಮೇಲೆ ಹತ್ತಿಸ್ತೀನಿ..."

"ಇಲ್ಲ! ಮೊದಲು ಕೇಳು," ಎಂದಳು ಮೂಗು ಮುಚ್ಚಿಕೊಳ್ಳದೆ. "ನಾನು ಸೀಸೆ ಎಸೀಲಿಲ್ಲ. ಒಡೆದೆ. ಬರಿಗೈಯಲ್ಲಿ ಮಣ್ಣು ತೆಗೆದು, ಕುದಿಯೋ ನೀರಿಗೆ ಹಾಕ್ದೆ. ನೀನು ಬಂದಾಗ ಹೊಳೀತಾ ಇರಲಿ ಅಂತ... ಅದು ಟಕ್ ಅಂತ... ನನಗೆ ಹೇಳೋಕೆ ಧೈರ್ಯ ಬರಲಿಲ್ಲ..."

ಅವಳ ಮಾತು ಅಲ್ಲಿಗೇ ನಿಂತಿತು. ಆಮೇಲೆ, ಪ್ರೇಮಕಥೆಗಳಲ್ಲಿ ಯಾವ ನಾಯಕಿಯೂ ಮಾಡದ ಕೆಲಸವನ್ನು ಅವಳು ಮಾಡಿದಳು. ಗುಂಡಿಯ ಗೋಡೆ ಹಿಡಿದು, ಬಗ್ಗಿ, ಬೆಳಗಿನ ತಿಂಡಿಯನ್ನೆಲ್ಲ ಕಾರಿಕೊಂಡಳು.

ಅವನು ಬಂದು ಅವಳ ಕೂದಲನ್ನು ಹಿಂದಕ್ಕೆ ಹಿಡಿದುಕೊಂಡ. ಇನ್ನೊಂದು ಕೈಯಿಂದ ಬೆನ್ನು ಸವರಿದ.

"ನೋಡಬೇಡ ನನ್ನ... ಛೀ, ಆ ಕಡೆ ತಿರುಗು..."

"ನೋಡ್ತಾ ಇದೀನಿ. ಏನೂ ಆಗಲ್ಲ." ಅವನು ಬಗ್ಗಿ ಅವಳ ಅಂಗೈ ನೋಡಿದ. "ಬರಿಗೈಯಲ್ಲಾ? ನಿಜವಾಗ್ಲೂ? ಗ್ಲೌಸ್ ಇಲ್ದೆ?"

"ಹುಳು ಇತ್ತು ಅದರಲ್ಲಿ," ಎಂದು ಅವಳು ಬಿಕ್ಕಿದಳು. "ಬಿಳೀದು..."

ಅವನು ಕಣ್ಣೊರೆಸಿಕೊಂಡ. ಆ ಕೈಯ ಕೆಸರೆಲ್ಲ ಕೆನ್ನೆಗೆ ಬಳಿದುಕೊಂಡಿತು. "ಬಿಸಿನೀರು ತಾಗಿಸಬಾರದು ಅಂತ ನಾನೇ ಹೇಳ್ಬೇಕಿತ್ತು. ನಿನಗೆ ಹೇಸಿಗೆ ಅಂತ ಹೇಳಿ ಜಾಣ ಅನ್ನಿಸ್ಕೊಳ್ಳೋಕೆ ಹೋದೆ."

"ಬೇರೆ ಊರಿಗೆ ಹೋಗಬೇಡ. ಹೋದ್ರೂ ಸಂಜೆಗೆ ವಾಪಸ್ ಬಾ." ಅವಳು ತಲೆ ಎತ್ತಿದಳು. ಮೂಗು ಸೋರುತ್ತಿತ್ತು, ಗಲ್ಲದ ಮೇಲೆ ಏನೇನೋ ಅಂಟಿತ್ತು. "ಮದುವೆ ಆಗ್ತೀಯಾ ನನ್ನ?"

ಅವನು ಗುಂಡಿಯ ಅಂಚಿನಲ್ಲಿಟ್ಟಿದ್ದ ಕುಡಿಯುವ ನೀರಿನ ಕ್ಯಾನು ತೆಗೆದು ಮುಂದೆ ಹಿಡಿದ. "ಮೊದಲು ಬಾಯಿ ಮುಕ್ಕಳಿಸು."

"ಉತ್ತರ ಹೇಳು. ಆಮೇಲೆ ಮುಕ್ಕಳಿಸ್ತೀನಿ."

"ಆವತ್ತು ನಾನು ಕೇಳೋಕೆ ಬಂದಿದ್ದೂ ಅದೇ. ತಲೆ ಬಾಚ್ಕೊಂಡು, ಇಸ್ತ್ರಿ ಅಂಗಿ ಹಾಕ್ಕೊಂಡು ಬಂದಿದ್ದೆ. ನೀನು ನೋಡಿದ್ರೆ ವಾಂತಿ ಮಾಡ್ಕೊಂಡು ಕೇಳ್ತಿದೀಯ!"

"ಬೇಡ್ವಾ ಹಾಗಾದ್ರೆ?"

"ಬೇಕು," ಎಂದ ಅವನು. "ಆದ್ರೆ ಯೋಚನೆ ಮಾಡು ಚೊಕ್ಕಿ. ನಾನು ದಿನಾ ಸಾಯಂಕಾಲ ಇದೇ ನಾತ ಹೊತ್ಕೊಂಡು ಬರೋನು. ನಿನಗೆ ದಿನಾ ಹೇಸಿಗೆ ಆಗುತ್ತೆ."

"ಆಗುತ್ತೆ. ದಿನಾ ಬೈತೀನಿ."

"ಬೈದು?"

ಅವಳು ಅವನ ಕೆಸರು ಮೆತ್ತಿದ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ಬೈದು... ಬಾಗಿಲು ತೆಗೀತೀನಿ."