ಹನ್ನೊಂದು ದಿನ ಆರಿಸಿಟ್ಟ ಕಂಪ್ಯೂಟರ್

"ನಗ್ಬೇಡಿ! ಅದರೊಳಗೆ ನಮ್ಮಪ್ಪ ಇದಾರೆ..."

ಫೋನ್ ರಿಪೇರಿ, ಕಂಪ್ಯೂಟರ್ ಕೆಲಸ ಎರಡೂ ನಡೆಯುವ ಆ ಅಂಗಡಿಯಲ್ಲಿದ್ದವರೆಲ್ಲ ಒಟ್ಟಿಗೆ ತಿರುಗಿ ನೋಡಿದರು. ತಾನು ಕೂಗಿಬಿಟ್ಟೆನೆಂದು ಭವ್ಯಶ್ರೀಗೆ ತಿಳಿದದ್ದೇ ಆಗ. ಕೆನ್ನೆ ಬಿಸಿಯಾಯಿತು. ಕಣ್ಣಲ್ಲಿ ನೀರು ಇವತ್ತೇ, ಇಲ್ಲೇ ಬರಬೇಕೇ!

ಅಂಗಡಿ ನಡೆಸುವ ದೇವರಾಜ್ ಕೈಯಲ್ಲಿದ್ದ ಫೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ಅವನು ನಕ್ಕದ್ದು ಅವಳನ್ನು ನೋಡಿಯಲ್ಲ. ಕೇಬಲ್ ಚುಚ್ಚುವ ತೂತಿನ ತುಂಬ ಕುಂಕುಮ ಮೆತ್ತಿತ್ತು. ಗುಂಡಿಗಳ ಸಂದಿಯಲ್ಲಿ ಒಣಗಿದ ಗಂಧ. ಹಿಂಬದಿಗೆ ಮೂರು ಬೊಟ್ಟು!

"ತಪ್ಪಾಯ್ತು ಮಿಸ್," ಎಂದ. ನರ್ಸರಿ ಶಾಲೆಯ ಪುಸ್ತಕಗಳು ಅವಳ ಚೀಲದಿಂದ ಇಣುಕುತ್ತಿದ್ದವು. "ಇಷ್ಟು ಲಕ್ಷಣವಾಗಿ ಪೂಜೆ ಮಾಡಿಸ್ಕೊಂಡ ಫೋನು ನಾನು ನೋಡಿದ್ದು ಇದೇ ಮೊದಲು. ಅದಕ್ಕೇ ನಗು ಬಂತು. ಕೂತ್ಕೊಳಿ... ಏನಾಯ್ತು ಹೇಳಿ."

ಅವಳು ಕೂರಲಿಲ್ಲ. ಆದರೆ ಹೇಳಿದಳು.

ಅದು ಎರಡು ಸಾವಿರದ ಒಂಬತ್ತನೇ ಇಸವಿ. ಭವ್ಯಶ್ರೀಯ ತಂದೆ ಕೃಷ್ಣಪ್ಪನವರು ಅರಕಲಗೂಡಿನಿಂದ ಹೊಳೆನರಸೀಪುರದ ಮೇಲೆ ಚನ್ನರಾಯಪಟ್ಟಣಕ್ಕೆ ಹೋಗುವ ಒಂದು ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಹಾಸನದ ಪರಿಚಯದವರೊಬ್ಬರು ಬಳಸಿ ಬಿಟ್ಟ ಸ್ಮಾರ್ಟ್‌ಫೋನನ್ನು ಆಸೆಪಟ್ಟು ಕೊಂಡಿದ್ದರು. ಅದರಲ್ಲಿ ಕನ್ನಡ ಬರುತ್ತಿರಲಿಲ್ಲ, ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಹೀಗಾಗಿ ಅವರು ಬರೆಯುವ ಗೋಜಿಗೇ ಹೋಗದೆ ಮಾತಾಡಿ ರೆಕಾರ್ಡ್ ಮಾಡುತ್ತಿದ್ದರು. ದಾರಿಯಲ್ಲಿ ಕಂಡದ್ದು, ಹೆಂಡತಿಗೆ ಹೇಳಬೇಕಾದ್ದು, ಮಗಳನ್ನು ಗೇಲಿ ಮಾಡಲು ಹೊಳೆದದ್ದು... ಎಲ್ಲ! ಸಂಜೆ ಮನೆಗೆ ಬಂದು ಕೈಕಾಲು ತೊಳೆದು ಅದನ್ನು ಹಚ್ಚಿ ಕೇಳಿಸಿದರೇ ಅವರಿಗೆ ಊಟ ರುಚಿಸುತ್ತಿದ್ದುದು.

ಹೋದ ಕಾರ್ತೀಕದಲ್ಲಿ ಎದೆನೋವೆಂದು ಮಲಗಿದವರು ಏಳಲಿಲ್ಲ. ಉಳಿದದ್ದು ಅರವತ್ತಮೂರು ತುಣುಕು ದನಿ.

ಈ ಸಲದ ಆಯುಧಪೂಜೆಯ ದಿನ ತಾಯಿ ಅನಸೂಯಮ್ಮ ಗಂಡನ ಸೀಟಿ, ಟಿಕೆಟ್ಟಿನ ಚರ್ಮದ ಚೀಲ, ಎಲ್ಲವನ್ನೂ ಸಾಲಾಗಿ ಜೋಡಿಸಿದರು. ಫೋನನ್ನೂ ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಗಂಧವಿಟ್ಟು, ಕುಂಕುಮ ಉದುರಿಸಿ, ಆರತಿ ಎತ್ತಿದರು. ಮಾರನೆಯ ದಿನದಿಂದ ಗುಂಡಿಗಳು ಒತ್ತುತ್ತಿರಲಿಲ್ಲ. ಚಾರ್ಜು ಏರುತ್ತಿರಲಿಲ್ಲ.

"ಅಮ್ಮಂಗೆ ಗೊತ್ತಿಲ್ಲ, ತನ್ನಿಂದ ಹೀಗಾಯ್ತು ಅಂತ," ಭವ್ಯಶ್ರೀ ದನಿ ತಗ್ಗಿಸಿದಳು. "ಗೊತ್ತಾಗ್ಲೂಬಾರದು. ಬ್ಯಾಟ್ರಿ ಹಳೇದಾಯ್ತು ಅಂದಿದೀನಿ. ಮುಂದಿನ ತಿಂಗಳು ಅಪ್ಪನ ವರ್ಷದ ತಿಥಿ. ಅವತ್ತು ಅಮ್ಮ ಅಪ್ಪನ ಮಾತು ಕೇಳ್ಬೇಕಂತೆ. ತೆಗೆಯೋಕಾಗುತ್ತಾ?"

ದೇವರಾಜ್ ಫೋನಿನ ತೂತನ್ನು ಬೆಳಕಿಗೆ ಹಿಡಿದು ನೋಡಿದ.

"ಕೇಬಲ್ ಹಾಕಿ ಕಂಪ್ಯೂಟರಿಗೆ ಎಳ್ಕೋಬೇಕು. ತೂತು ಶುದ್ಧ ಮಾಡ್ತೀನಿ. ಆದ್ರೆ ಒಂದೇ ಸಲಕ್ಕೆ ಬರಲ್ಲ, ನಡುನಡುವೆ ಕೈಕೊಡುತ್ತೆ. ದಿನಾ ಸ್ವಲ್ಪ ಸ್ವಲ್ಪ ಎಳೀಬೇಕು."

"ಹಾಗಾದ್ರೆ ಇಲ್ಲೇ ಬಿಟ್ಟು ಹೋಗ್ಲಾ?"

"ಬೇಡ ಮಿಸ್. ಹೆಣ್ಮಕ್ಕಳ ಫೋನು ನಾನು ಅಂಗಡೀಲಿ ಇಟ್ಕೊಳಲ್ಲ. ಶಾಲೆ ಬಿಟ್ಮೇಲೆ ದಿನಾ ತನ್ನಿ. ನಿಮ್ಮ ಕಣ್ಮುಂದೇ ಕೆಲಸ ಆಗ್ಲಿ."

ಆಗ ಅವಳು ಕೂತಳು.

ಮರುದಿನದಿಂದ ಮೂರೂವರೆಗೆ ಬರುವುದು, ಐದೂವರೆಯ ಬಸ್ಸಿಗೆ ಹೋಗುವುದು ವಾಡಿಕೆಯಾಯಿತು. ಅವನು ಮೆತ್ತನೆ ಬ್ರಷ್ಷಿನಿಂದ ಕುಂಕುಮದ ಕಣ ಕಣವನ್ನೂ ಕೂಸಿನ ಕಿವಿಯ ಗುಗ್ಗೆ ತೆಗೆಯುವ ಹಾಗೆ ತೆಗೆದ. ಕೇಬಲ್ಲನ್ನು ಬೆರಳಿನಿಂದ ಒತ್ತಿ ಹಿಡಿದು ಕೂತರೆ ಮಾತ್ರ ತೆರೆಯ ಮೇಲಿನ ಹಸಿರು ಪಟ್ಟಿ ಮುಂದಕ್ಕೆ ಸರಿಯುತ್ತಿತ್ತು. ಬೆರಳು ಸಡಿಲವಾದರೆ ನಿಂತೇ ಹೋಗುತ್ತಿತ್ತು.

"ಬೆರಳು ನೋಯಲ್ವಾ?"

"ನೋಯುತ್ತೆ. ನೀವು ಮಾತಾಡ್ತಿದ್ರೆ ಗೊತ್ತಾಗಲ್ಲ."

ಥೂ! ಇವನಿಗೆ ನಾಚಿಕೆಯೇ ಇಲ್ಲವಲ್ಲ! ಎಂದುಕೊಂಡಳು ಮನಸ್ಸಿನಲ್ಲಿ. ಹಾಗೆಂದುಕೊಂಡೇ ಇನ್ನಷ್ಟು ಮಾತಾಡಿದಳು.

ಬಂದವುಗಳಲ್ಲಿ ಒಂದಷ್ಟು ತುಣುಕು ಸರಿಯಿವೆಯೇ ಎಂದು ನೋಡಬೇಕಾದಾಗ ಅವನು ಸ್ಪೀಕರ್ ಆರಿಸಿ ಹೆಡ್‌ಫೋನನ್ನು ಅವಳ ಕೈಗೇ ಕೊಡುತ್ತಿದ್ದ.

"ನೀವು ಕೇಳಲ್ವಾ?"

"ನಿಮ್ಮ ಮನೆ ಮಾತು. ನಾನ್ಯಾಕೆ ಕೇಳ್ಲಿ?"

ಅವಳು ಕೇಳುತ್ತಿದ್ದಳು. ಕೇಳಿ ಒಮ್ಮೆ ಕಣ್ಣೊರೆಸಿಕೊಳ್ಳುವಳು, ಒಮ್ಮೆ ಬಾಯಿಗೆ ಸೆರಗು ಒತ್ತಿ ನಗುವಳು. ಅವನು ಕೇಬಲ್ ಹಿಡಿದುಕೊಂಡು ಅವಳ ಮುಖದಲ್ಲೇ ಆ ಮಾತುಗಳನ್ನು ಓದಲು ನೋಡುತ್ತಿದ್ದ. ನಾಲ್ಕು ದಿನಕ್ಕೆ ಐವತ್ತೆಂಟು ತುಣುಕು ಬಂದವು. ಇನ್ನು ಐದೇ ಐದು... ಎಂದಾಗ ಇಬ್ಬರಿಗೂ ಸಂತೋಷವಾಗಬೇಕಿತ್ತು. ಯಾಕೋ ಆಗಲಿಲ್ಲ.

ಆ ಸಂಜೆ ಬಸ್ಸಿನಲ್ಲಿ ಪಕ್ಕದ ಮನೆಯ ಪಾರ್ವತಮ್ಮ ಸಿಕ್ಕರು.

"ಇದೇನೆ ಭವ್ಯಾ, ದಿನಾ ಆ ಫೋನಂಗ್ಡೀಲಿ ಕೂತಿರ್ತೀಯಂತೆ?"

"ಅಪ್ಪನ ದನಿ ತೆಗೆಸ್ತಿದೀನಿ ಚಿಕ್ಕಮ್ಮ."

"ತೆಗ್ಸು, ಬ್ಯಾಡ ಅನ್ನಾಕಿಲ್ಲ. ಆದ್ರೆ ಉಸಾರು ಕಣವ್ವ! ಅದ್ಯಾವ್ದೋ ಊರಲ್ಲಿ ಇಂಗೇ ಒಂದ್ ಎಣ್ಣುಮಗ ಫೋನ್ ರಿಪೇರಿಗ್ ಕೊಟ್ಟಿದ್ಕೆ ಅಂಗ್ಡಿಯೋರು ಅವಳ ಫೋಟ ಕದ್ದಿಟ್ಕಂಡು ಊರೋರ ಫೋನಿಗೆಲ್ಲ ಅಂಚ್ಬುಟ್ಟವ್ರೆ. ಗೊತ್ತಾಗಿದ್ದ ಗಂಡೇ ಬಿಟ್ಟೋಯ್ತಂತೆ. ನಿಂಗೆ ಯೋಳೋಕೆ ಅಪ್ಪ ಬೇರೆ ಇಲ್ಲ..."

'ದೇವರಾಜ್ ಅಂಥವರಲ್ಲ' ಎಂದು ಅವಳ ಮನಸ್ಸು ಹೇಳಿತು. ಆದರೆ ಅನುಮಾನವೆಂಬುದು ಕಾಲಿಗೆ ಹೊಕ್ಕ ಮುಳ್ಳು. ನಡೆಯುವಾಗೆಲ್ಲ ನೆನಪು ಮಾಡುತ್ತದೆ.

ಐದನೆಯ ದಿನ ಮಕ್ಕಳನ್ನು ಬೇಗ ಬಿಟ್ಟರು. ಅವಳು ಅಂಗಡಿಗೆ ಬಂದಾಗ ದೇವರಾಜ್ ಎದುರಿನ ಹೋಟೆಲಿಗೆ ಹೋಗಿದ್ದ. ಕಂಪ್ಯೂಟರ್ ಆನ್ ಆಗಿಯೇ ಇತ್ತು.

ತೆರೆಯ ತುಂಬ... ಅವಳೇ!

ಗೆಳತಿಯ ಮದುವೆಯಲ್ಲಿ ಮಲ್ಲಿಗೆ ಮುಡಿದು ನಿಂತ ಭವ್ಯಶ್ರೀ. ತಲೆಗೂದಲು ಒಣಗಿಸುತ್ತ ಅಮ್ಮನ ತೊಡೆಯ ಮೇಲೆ ಮಲಗಿದ ಭವ್ಯಶ್ರೀ. ಅಪ್ಪ ತಮಾಷೆಗೆ ತೆಗೆದ ಚಿತ್ರಗಳು. ಮೇಲೆ ಅವಳದೇ ಹೆಸರು. ಅಂಥದೇ ಇನ್ನೊಂದು ಫೋಲ್ಡರ್ ಅದರ ಪಕ್ಕದಲ್ಲಿ!

ಅವಳು ಕೇಳಿದ್ದು ದನಿಯನ್ನು. ಫೋಟೋ ತೆಗೆಯಿರಿ ಎಂದು ಯಾರು ಹೇಳಿದರು?

"ಓ, ಬೇಗ ಬಂದ್ಬಿಟ್ರಾ..." ನಗುತ್ತ ಬಂದ ದೇವರಾಜ್ ಅವಳ ಮುಖ ನೋಡಿ ನಿಂತುಬಿಟ್ಟ.

"ಇದೇನು?"

"ಮಿಸ್, ಫೋನು ಇವತ್ತೋ ನಾಳೆಯೋ ಅನ್ನೋ ಹಾಗಿದೆ. ಇರೋದೆಲ್ಲ ಉಳೀಲಿ ಅಂತ, ನೀವು ಹೆಡ್‌ಫೋನಲ್ಲಿ ಕೇಳ್ತಿರುವಾಗ ದನಿ ಜೊತೆಗೇ ಎಳ್ಕೊಂಡೆ. ಒಂದು ಹೋದ್ರೆ ಇನ್ನೊಂದಿರ್ಲಿ ಅಂತ ಎರಡು ಕಡೆ..."

"ನನ್ನನ್ನ ಒಂದು ಮಾತು ಕೇಳಿದ್ರಾ?"

ಅವನು ಕೇಳಿರಲಿಲ್ಲ.

"ಅಳಿಸಿ. ಎಲ್ಲಾನೂ!"

"ನಿಮ್ಮ ತಂದೆಯವರ ದನೀನೂ ಅದ್ರಲ್ಲೇ ಇದೆ. ಸಿ.ಡಿ.ಗೆ ಹಾಕಿಕೊಟ್ಟು ಆಮೇಲೆ..."

"ಒಂದು ಗಳಿಗೇನೂ ಇರಬಾರದು! ಫೋನು ನನ್ನ ಹತ್ರ ಇದೆ. ಬೇರೆ ಕಡೆ ಮಾಡಿಸ್ಕೋತೀನಿ. ನನ್ನ ಕಣ್ಮುಂದೆ ಅಳಿಸಿ!"

ದೇವರಾಜ್ ಮತ್ತೆ ಮಾತಾಡಲಿಲ್ಲ. ಎರಡು ಗುಂಡಿ ಒತ್ತಿದ. ಐವತ್ತೆಂಟು ತುಣುಕು ದನಿ, ಅಷ್ಟೂ ಫೋಟೋ, ಕಣ್ಣು ಮಿಟುಕಿಸುವಷ್ಟರಲ್ಲಿ ಖಾಲಿ. ಅವಳು ತಿರುಗಿಯೂ ನೋಡದೆ ಹೊರಟಳು.

'ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ' ಎನ್ನುತ್ತಾರೆ ದೊಡ್ಡವರು. ಅಂದು ಸಂಜೆ ಫೋನು ಆನ್ ಆಗಲಿಲ್ಲ. ಮರುದಿನವೂ ಇಲ್ಲ. ಭಾನುವಾರ ಹಾಸನಕ್ಕೆ ಹೋಗಿ ತೋರಿಸಿದಳು. ಒಳಗಿನ ಬೋರ್ಡು ಸುಟ್ಟಿದೆ, ಏನೂ ಬರುವುದಿಲ್ಲ ಎಂದರು. ಇನ್ನೊಂದು ಅಂಗಡಿಗೆ ಹೋದಳು. ಅಲ್ಲಿಯೂ ಅದೇ ಮಾತು.

ಅಯ್ಯೋ... ಅಪ್ಪನ ದನಿಯನ್ನು ನಾನೇ ನಿಂತು ಅಳಿಸಿದೆನಲ್ಲ!

ಮನೆಯಲ್ಲಿ ಅನಸೂಯಮ್ಮ ದಿನಕ್ಕೆರಡು ಸಲ ಕೇಳುತ್ತಿದ್ದರು. "ಆಯ್ತಾ ಮಗಾ? ನಿಮ್ಮಪ್ಪುನ್ ಮಾತು ತಂದ್ಯಾ?" ಅವಳು ಇವತ್ತು ನಾಳೆ ಎಂದು ದೂಡಿದಳು. ಕೊನೆಗೆ ಒಂದು ದಿನ ಒಲೆಯ ಮುಂದೆ ಕುಸಿದು ಕೂತು ಬಿಕ್ಕಿದಳು. ಕುಂಕುಮದ ಮಾತೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದಳು.

ಅನಸೂಯಮ್ಮ ಒಲೆಯ ಉರಿ ತಗ್ಗಿಸಿದರು. ಆಮೇಲೆ ಮಗಳ ತಲೆ ನೇವರಿಸಿದರು.

"ಆ ಉಡ್ಗ ಅಳಿಸು ಅಂದೇಟ್ಗೆ ಅಳಿಸ್ಬುಟ್ನಾ? ಒಂದ್ ಮಾತೂ ಎದ್ರಾಡ್ನಿಲ್ವಾ?"

"ಇಲ್ಲ..."

"ಕದ್ದಿಡೋನು ಅಂಗೆ ಅಳಿಸ್ತಾನೇನೆ? ಓಗು. ದನಿ ಬರ್ಲಿ ಬಿಡ್ಲಿ, ನೀನಾಡಿದ್ ಮಾತ್ಗೆ ತಪ್ಪಾಯ್ತು ಅಂತ ಯೋಳ್ಬುಟ್ಟು ಬಾ."

ಮರುದಿನ ಮಧ್ಯಾಹ್ನ ಅವಳು ಅಂಗಡಿಯ ಮೆಟ್ಟಿಲ ಬಳಿ ನಿಂತಾಗ ಒಳಗೆ ಜನ ಕಿಕ್ಕಿರಿದಿದ್ದರು. ಪಹಣಿಯೋ ಅರ್ಜಿಯೋ ಎಲ್ಲರ ಕೈಯಲ್ಲೂ ಒಂದೊಂದು ಕಾಗದ. ಇದ್ದ ಎರಡು ಕಂಪ್ಯೂಟರಿನಲ್ಲಿ ಒಂದೇ ನಡೆಯುತ್ತಿತ್ತು. ಇನ್ನೊಂದರ ತಂತಿ ಕಿತ್ತು, ಮೇಲೆ ಬಟ್ಟೆ ಹೊದಿಸಿ, 'ಯಾರೂ ಮುಟ್ಟಬೇಡಿ' ಎಂದು ಬರೆದಂಟಿಸಿತ್ತು.

"ಕೆಟ್ಟೋಗಿದೆಯಾ ಅದು?" ಬಾಗಿಲಲ್ಲಿ ಕಾಯುತ್ತಿದ್ದ ಮುದುಕರೊಬ್ಬರನ್ನು ಕೇಳಿದಳು.

ಬಾಗೂರಿನ ಬೈರಯ್ಯನವರು, ಬೆಳಗಿನಿಂದ ಕಾದು ಸೋತವರು, ಯಾರಾದರೂ ಕೇಳಲಿ ಎಂದೇ ಕೂತಿದ್ದರು. "ಕೆಟ್ಟೂ ಇಲ್ಲ, ಕೂಳೂ ಇಲ್ಲ ಕಣವ್ವ! ಅನ್ನೊಂದ್ ದಿನದಿಂದ ಅದ್ನ ಆನ್ ಮಾಡಾಕಿಲ್ಲ ಅಂತ ಕುಂತವ್ನೆ ಈ ಪುಣ್ಯಾತ್ಮ. ಅರ್ಧಕ್ಕರ್ಧ ಗಿರಾಕಿಗಳು ಬೇರೆ ಅಂಗ್ಡಿಗೋದ್ರು. ಯಾಕ್ಲಾ ಅಂದ್ರೆ, ಅದ್ರೊಳ್ಗೆ ಯಾರ್ದೋ ಅಪ್ಪ ಅವ್ರೆ ಅಂತಾನೆ. ನೀನೇ ಯೋಳು, ಆ ಡಬ್ಬದೊಳ್ಗೆ ಮನ್ಸ ಇಡೀತಾನಾ?"

ಆ ಅಪ್ಪ ತನ್ನಪ್ಪನೇ ಎಂದು ಭವ್ಯಶ್ರೀಗೆ ಹೊಳೆಯಿತು. ಜನರನ್ನು ಸರಿಸಿಕೊಂಡು ಒಳಗೆ ಬಂದಳು.

ದೇವರಾಜ್ ತಲೆಯೆತ್ತಿದ. ಗಡ್ಡ ಬೆಳೆದಿತ್ತು.

"ಮಿಸ್... ಫೋನು?"

"ಹೋಯ್ತು. ಅವತ್ತೇ ಹೋಯ್ತು." ಅವಳು ಸತ್ತ ಫೋನನ್ನು ಮೇಜಿನ ಮೇಲಿಟ್ಟಳು. "ನನ್ನದು ತಪ್ಪಾಯ್ತು. ಅಷ್ಟು ಹೇಳೋಕೆ ಬಂದೆ."

"ಮೊದಲ ತಪ್ಪು ನಂದು. ಕೇಳ್ದೆ ನಿಮ್ಮ ಫೋಟೋ ತೆಗೀಬಾರದಿತ್ತು." ಅವನು ಎದ್ದುನಿಂತ. "ಮಿಸ್, ಕಂಪ್ಯೂಟರಿನಲ್ಲಿ ಅಳಿಸಿದ್ದು ಆಗಲೇ ಹೋಗಲ್ಲ. ಸ್ಲೇಟು ಒರೆಸಿದ್ರೂ ಬಳಪದ ಗೆರೆ ಕಾಣುತ್ತಲ್ಲ, ಹಾಗೆ. ಅದ್ರ ಮೇಲೆ ಇನ್ನೊಂದು ಬರೆದ್ರೆ ಮಾತ್ರ ಅಳಿಯುತ್ತೆ. ಅದಕ್ಕೇ ಆವತ್ತಿನಿಂದ ಅದನ್ನ ಮುಟ್ಟಿಲ್ಲ. ಹಾಕಿದ್ರೂ ಒಳಗೊಳಗೇ ಏನಾದ್ರೂ ಬರ್ಕೊಳುತ್ತೆ ಅಂತ ತಂತೀನೇ ಕಿತ್ತಿಟ್ಟೆ."

"ಹಾಗಾದ್ರೆ... ವಾಪಸ್ ಬರುತ್ತಾ?"

"ಎಷ್ಟು ಬರುತ್ತೋ ಗೊತ್ತಿಲ್ಲ. ನೋಡ್ಬಹುದು."

"ನೀವೇ ಯಾಕೆ ತೆಗೆದಿಡ್ಲಿಲ್ಲ?"

"ಅಳಿಸಿ ಅಂದೋರು ನೀವು. ನೀವು ತೆಗೀರಿ ಅನ್ನದೆ ಹೇಗೆ ತೆಗೀಲಿ? ಒಂದ್ಸಲ ಕೇಳ್ದೆ ಮಾಡಿದ್ದೇ ಸಾಕು."

"ನಾನು ಬರದೇ ಇದ್ದಿದ್ರೆ?"

"ಎರಡು ಸಲ ನಿಮ್ಮ ಶಾಲೆ ಗೇಟಿನವರೆಗೂ ಬಂದಿದ್ದೆ." ಅವನು ನೆಲ ನೋಡಿದ. "ನಿಮಗೆ ಕೆಟ್ಟ ಹೆಸರು ಬಂದ್ರೆ ಅಂತ ವಾಪಸ್ ಬಂದೆ."

ಭವ್ಯಶ್ರೀ ಕಣ್ಣೊರೆಸಿಕೊಂಡಳು. ಬಟ್ಟೆಯನ್ನು ತಾನೇ ಎಳೆದು ತೆಗೆದಳು.

"ತೆಗೀರಿ. ನಾನು ಹೇಳ್ತಿದೀನಿ."

ಅವನು ಆ ಕಂಪ್ಯೂಟರಿನ ಹೊಟ್ಟೆ ಬಿಚ್ಚಿ, ಒಳಗಿನ ಡಿಸ್ಕನ್ನು ನಡೆಯುತ್ತಿದ್ದ ಕಂಪ್ಯೂಟರಿಗೆ ಜೋಡಿಸಿದ. ಹುಡುಕುವ ಸಾಫ್ಟ್‌ವೇರ್ ಹಚ್ಚಿದ. "ಫೋಟೋ ತೆಗೆಯಲ್ಲ, ದನಿ ಮಾತ್ರ," ಎಂದು ಅವಳಿಗೆ ತೋರಿಸಿಯೇ ಗುರುತು ಹಾಕಿದ. ಒಂದು ಗಂಟೆ ಕಳೆಯಿತು, ಎರಡು ಕಳೆಯಿತು. ಗಿರಾಕಿಗಳು ಗೊಣಗಿಕೊಂಡು ಹೋದರು. ಬೈರಯ್ಯ ಮಾತ್ರ ಕದಲಲಿಲ್ಲ. "ಆ ಅಪ್ಪ ಯಾರು ಅಂತ ನೋಡ್ಕಂಡೇ ಓಯ್ತೀನಿ!"

ಕೊನೆಗೆ ತೆರೆಯ ಮೇಲೆ ಒಂದೊಂದೇ ಸಾಲು ಮೂಡತೊಡಗಿತು. ಹೆಸರೆಲ್ಲ ಹೋಗಿ ಬರಿಯ ಅಂಕಿಗಳು. ಐವತ್ತೆಂಟರಲ್ಲಿ ಐವತ್ತಾರು!

ಅವನು ಎಂದಿನಂತೆ ಹೆಡ್‌ಫೋನ್ ಅವಳತ್ತ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ. ಅದರ ಪಿನ್ನನ್ನೇ ಕಿತ್ತು ಪಕ್ಕಕ್ಕಿಟ್ಟಳು.

"ಮನೆ ಮಾತು..." ಎಂದ ಅವನು.

"ಗೊತ್ತು. ನೀವೂ ಕೇಳಿ."

ಸ್ಪೀಕರಿನಿಂದ ಬಸ್ಸಿನ ಗಡಗಡ ಸದ್ದು. ಆಮೇಲೆ ಆ ದನಿ!

"ಒಳಿಕ್ ಓಗ್ರೀ, ಒಳ್ಗಡೆ ಜಾಗ ಐತೆ... ರೈಟ್! ಅನಸೂಯಾ, ಕೇಳಿಲ್ಲಿ. ನುಗ್ಗೇಹಳ್ಳಿ ಕಡೆಯೋರು ಒಬ್ರು ಬಸ್ ಅತ್ತಿದ್ರು, ಗಂಡೈತೆ, ಭವ್ಯಂಗೆ ನೋಡಾನಾ ಅಂದ್ರು. ನಾನ್ ಅಂದೆ, ನನ್ ಮಗ್ಳು ಸಿಟ್ಟುಗಾತಿ, ಅವಳ್ ಕೂಗಾಡ್ದಾಗ ಸುಮ್ಕೆ ನಿಂತ್ಕಳೋ ಗಂಡಿದ್ರೆ ಯೋಳಿ ಅಂತ. ಅಂತೋನ್ ಇಲ್ಲ ಅಂತ ಇಳ್ದೋದ್ರು ಕಣೆ! ಹಹ್ಹಹ್ಹಾ..."

ಭವ್ಯಶ್ರೀ ಅಳುತ್ತಲೇ ನಕ್ಕಳು. ಈ ತುಣುಕನ್ನು ಅವಳು ಎಂದೂ ಕೇಳಿರಲಿಲ್ಲ. ಅಪ್ಪ ಅಮ್ಮನಿಗಷ್ಟೇ ಕೇಳಿಸಿದ್ದಿರಬೇಕು.

ದೇವರಾಜ್ ಕೆಂಪಾಗಿದ್ದ. ಬೈರಯ್ಯ ಬೊಚ್ಚುಬಾಯಿ ತೆರೆದರು. "ಲೇ ದೇವ್ರಾಜ, ಎದ್ರುಗಡೆ ನಿಂತವ್ಳಲ್ಲೋ! ಏನಾರ ಅನ್ಲಾ! ನಾನ್ ಬೇಕಾರೆ ಎಲೆಅಡ್ಕೆ ಆಕ್ಕಂಡ್ ಬತ್ತೀನಿ." ನಕ್ಕುಕೊಂಡು ಹೊರಗೆ ಹೋದರು.

ಅಂಗಡಿಯಲ್ಲಿ ಇಬ್ಬರೇ ಉಳಿದರು.

"ನಿಮ್ಮ ಮನೆಗೆ ಬರಬೇಕು ಅಂತಿದೀನಿ," ಅವನು ಮೆಲ್ಲಗೆ ಎಂದ. "ತಿಥಿ ಕಳೀಲಿ. ನಮ್ಮಮ್ಮನ್ನ ಕರ್ಕೊಂಡು. ಆದ್ರೆ... ಮೊದಲು ನಿಮ್ಮನ್ನ ಕೇಳ್ಬೇಕು."

"ಕೇಳಿ."

"ಬರ್ಲಾ?"

ಅವಳು ಸೆರಗಿನ ತುದಿ ಸುತ್ತಿದಳು, ಬಿಚ್ಚಿದಳು. "ನಾನು ಆಮೇಲೂ ಕೂಗಾಡ್ತೀನಿ."

"ನಿಂತ್ಕೋತೀನಿ."

"ದಿನಾ?"

"ದಿನಾ."

"ಹಾಗಾದ್ರೆ ಬನ್ನಿ ದೇವರಾಜ್..." ಅವನ ಹೆಸರು ಅವಳ ಬಾಯಲ್ಲಿ ಮೊದಲ ಸಲ ಬಂತು. "ಇಷ್ಟ ಕಣ್ರೀ ನೀವು. ತುಂಬಾ."

ಹೊರಗೆ ಬಸ್ಸಿನ ಹಾರನ್ ಕೇಳಿತು.

"ಅಯ್ಯೋ, ಐದೂವರೆ! ಬಸ್ಸು ತಪ್ಪುತ್ತೆ."

"ತಪ್ಪಲಿ. ಇನ್ನೊಂದಿದೆ."

"ಅದೂ ತಪ್ಪಿದ್ರೆ?"

"ನಾನೇ ಬಿಟ್ಟುಬರ್ತೀನಿ. ಬೇಡ ಅಂದ್ರೆ ಇಲ್ಲ."

"ಬೇಡ ಅಂತ ಯಾರಂದ್ರು?" ಎಂದಳು ಭವ್ಯಶ್ರೀ.