ಸದ್ದು ಮಾಡದ ಕಳ್ಳಖಾನೆ

ಅಂಗಡಿಯ ಬಾಗಿಲಲ್ಲಿ ನಿಂತ ಹುಡುಗಿ ನನ್ನ ಮುಖ ನೋಡಲಿಲ್ಲ, ಕಿವಿ ನೋಡಿದಳು. ಮೊದಲು ಬಲಗಿವಿ, ಆಮೇಲೆ ಎಡಗಿವಿ. ಎಡಗಿವಿ ಬರಿದಾಗಿತ್ತು.

"ಫ್ರೇಮ್ ಮಾಡೋರು ನೀವೇನಾ?"

ಹೌದೆಂದು ಸ್ಯಾಂಡ್ ಪೇಪರ್ ಕೆಳಗಿಟ್ಟೆ. ಅವಳು ನರ್ಸ್ ಯೂನಿಫಾರ್ಮ್ ಹಾಕಿದ್ದಳು. ಎದುರಿನ ಕನ್ನಡಕದ ಅಂಗಡಿಯವನಿಗೆ ಅವನ ಅಕ್ಕ ತನ್ನ ಆಸ್ಪತ್ರೆಯ ನರ್ಸ್ ಒಬ್ಬಳನ್ನು ನೋಡಿಟ್ಟಿದ್ದಳು. ಅಂದರೆ ಇವಳೇ. ಚೆನ್ನಾಗಿಯೂ ಇದ್ದಳು, ಅದೊಂದು ಬೇರೆ ಸಂಕಟ.

ಆ ಕನ್ನಡಕದವನ ಬಗ್ಗೆ ಹೇಳಲೇಬೇಕು. ಬಗ್ಗಿ ಮರ ಹೆರೆಯುವಾಗ ನನ್ನ ಕನ್ನಡಕ ಜಾರುತ್ತದೆ. ಜಾರಿದಾಗಲೆಲ್ಲ ರಸ್ತೆ ದಾಟಿ ಹೋಗುತ್ತೇನೆ. ಅವನು ಕಡ್ಡಿ ಬಗ್ಗಿಸಿ, ತಾನೇ ನನ್ನ ಕಿವಿಗೆ ಸಿಕ್ಕಿಸುತ್ತಾನೆ. ಪ್ರತಿ ಸಲವೂ ಆ ಕಡ್ಡಿ ನನ್ನ ಎಡಗಿವಿಯ ಲೋಲಾಕಿಗೆ ಸಿಕ್ಕಿಕೊಳ್ಳುತ್ತದೆ. ಅದರ ಕೊಂಡಿ ಸ್ವಲ್ಪ ಸೊಟ್ಟ. ಉಸಿರು ಬಿಗಿಹಿಡಿದು ಅದನ್ನು ಬಿಡಿಸುವಾಗ ಅವನ ಕಣ್ಣು ಒಂದು ಗಳಿಗೆ ಲೋಲಾಕು ಬಿಟ್ಟು ನನ್ನ ಕೆನ್ನೆಗೆ ಬರುತ್ತದೆ, ತಪ್ಪು ಮಾಡಿದವನ ಹಾಗೆ ತಿರುಗಿ ಹೋಗುತ್ತದೆ.

"ಆಯ್ತು, ಫ್ರೇಮ್ ಮೇಡಂ," ಅನ್ನುತ್ತಾನೆ.

"ಮತ್ತೆ ಜಾರಿದ್ರೆ?"

"ಜಾರಲಿ ಬಿಡಿ. ಅಂಗಡಿ ಎಲ್ಲಿಗೂ ಹೋಗಲ್ಲ."

ಇಷ್ಟೇ ನಮ್ಮ ಮಾತುಕತೆ. ಇದಕ್ಕಿಂತ ಮುಂದೆ ಹೋಗದಂತೆ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡಿದ್ದೆವು. ಅಪ್ಪ ಮಾತ್ರ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು, ವಾರ ವಾರವೂ ಸಣ್ಣ ಆಗೋ ಮೂಗು ನಿನ್ನದೊಂದೇ ಕಣಮ್ಮ ಎಂದು ಕಾಲೆಳೆಯುತ್ತಿದ್ದರು.

ಒಂದು ದಿನ ಅವನೇ ರಸ್ತೆ ದಾಟಿ ಬಂದ. ಮರದ ಫೋಟೊ ಫ್ರೇಮ್ ಬೇಕು, ಅದರೊಳಗೆ ಯಾರಿಗೂ ಗೊತ್ತಾಗದ ಹಾಗೆ ಒಂದು ಪುಟ್ಟ ಖಾನೆ ಇರಬೇಕು ಎಂದ. ಯಾರಿಗೆ ಎಂದು ಕೇಳಿದೆ, ನಗುತ್ತಲೇ.

"ಅಕ್ಕ ನೋಡಿರೋ ಹುಡುಗಿಗೆ," ಎಂದ. ನೆಲ ನೋಡುತ್ತಿದ್ದ.

ನಿಂತ ನೆಲ ಕುಸಿದ ಹಾಗಾಯಿತು. ಬಾಯಿ ಮಾತ್ರ ತನ್ನ ಪಾಡಿಗೆ ತಾನು ಯಾವ ಮರ, ಯಾವ ಬಣ್ಣ ಎಂದು ಕೇಳುತ್ತಿತ್ತು. ಅಳು ಬರಬೇಕಿತ್ತು, ಬರಲಿಲ್ಲ. ನನಗೆ ಅವನು ಇಷ್ಟು ಬೇಕಾಗಿದ್ದಾನೆಂದು ಗೊತ್ತಾಗಿದ್ದೇ ಆಗ.

ಹೊಟ್ಟೆಕಿಚ್ಚಿನಲ್ಲಿ ಮಾಡಿದ ಕೆಲಸ ಅಷ್ಟು ನಯವಾಗಿ ಬರುತ್ತದೆಂದು ನಾನು ಅಂದುಕೊಂಡಿರಲಿಲ್ಲ. ಕೆಳಗಿನ ಪಟ್ಟಿಯನ್ನು ದಪ್ಪ ಇಟ್ಟು, ಒಳಗೆ ಟೊಳ್ಳು ಕೊರೆದೆ. ಬಲಮೂಲೆ ಒತ್ತಿದರೆ ಪಟ್ಟಿ ಜಾರಿ ಖಾನೆ ತೆರೆಯಬೇಕು. ಒಳಗೆ ಮೆತ್ತನೆಯ ಉಣ್ಣೆ ಬಟ್ಟೆ ಅಂಟಿಸಿದೆ.

ಕಳ್ಳಖಾನೆಗೆ ಅಪ್ಪ ಕಲಿಸಿದ ಪರೀಕ್ಷೆ ಒಂದಿದೆ. ಒಳಗೆ ಏನಾದರೂ ಚಿಕ್ಕ ವಸ್ತು ಹಾಕಿ, ಮುಚ್ಚಿ, ಕಿವಿಯ ಹತ್ತಿರ ಅಲ್ಲಾಡಿಸಬೇಕು. ಸದ್ದು ಬಂದರೆ ಗುಟ್ಟು ರಟ್ಟಾದಂತೆ. ಅಪ್ಪ ಮೊಳೆ ಹಾಕುತ್ತಿದ್ದರು. ನಾನು ಆವತ್ತು ಎಡಗಿವಿಯ ಲೋಲಾಕನ್ನೇ ಬಿಚ್ಚಿ ಹಾಕಿದೆ. ಅಲ್ಲಾಡಿಸಿದೆ. ಒಂದಿಷ್ಟೂ ಸದ್ದಿಲ್ಲ. ಅಷ್ಟರಲ್ಲಿ ಅವನು ಬಂದ. ಅವನ ಮುಖ ನೋಡದೆ ಫ್ರೇಮನ್ನು ಕಾಗದದಲ್ಲಿ ಸುತ್ತಿ ಕೊಟ್ಟು ಕಳಿಸಿದೆ.

ಸಂಜೆ ಮುಖ ತೊಳೆಯುವಾಗ ಕಿವಿ ಬರಿದಾಗಿತ್ತು. ಬಿಚ್ಚಿದ್ದೇ ನೆನಪಿಲ್ಲದೆ, ಎಲ್ಲೋ ಬಿದ್ದಿರಬೇಕೆಂದು ಅಂಗಡಿಯ ಮರದ ಪುಡಿಯನ್ನೆಲ್ಲ ಜಾಲಾಡಿದೆ.

ಈಗ, ಈ ಹುಡುಗಿ ನನ್ನ ಕಿವಿಯನ್ನೇ ನೋಡುತ್ತಿರುವಾಗ, ಅದು ಎಲ್ಲಿದೆಯೆಂದು ಹೊಳೆಯಿತು.

ನರ್ಸ್ ಕೂತುಕೊಂಡು ನಡೆದದ್ದನ್ನು ಹೇಳಿದಳು. ಅವನು ಅಕ್ಕನ ಜೊತೆ ಫ್ರೇಮ್ ತಂದುಕೊಟ್ಟನಂತೆ. ಖಾನೆ ತೆಗೆದು ತೋರಿಸಿ ಎಂದು ಇವಳೇ ಕೇಳಿದಳಂತೆ. ಒಳಗೆ ಲೋಲಾಕು ಕಂಡು, ಒಂದೇ ಯಾಕೋ ತಂದೆ ಎಂದು ಅಕ್ಕ ನಕ್ಕಳಂತೆ. ಅವನ ಮುಖ ಬಿಳಿಚಿಕೊಂಡಿತಂತೆ.

"ಯಾರದು ಅಂತ ಕೇಳಿದೆ," ಎಂದಳು. "ಅವರೇನಂದ್ರು ಗೊತ್ತಾ? ಎಡಗಿವಿದು ಅಂದ್ರು."

ನನ್ನ ಕೈ ಬರಿದಾದ ಎಡಗಿವಿಗೆ ಹೋಯಿತು.

"ಯಾರದು ಅಂದ್ರೆ ಯಾವ ಕಿವಿದು ಅಂತ ಹೇಳೋರನ್ನ ನಾನು ಹೇಗೆ ಮದುವೆ ಆಗಲಿ, ಹೇಳಿ?"

ಸದ್ದು ಬರುತ್ತದಾ ಎಂದು ನೋಡಲು ಹಾಕಿದ್ದೆ, ಮರೆತೆ, ಬೇಕಂತ ಮಾಡಿದ್ದಲ್ಲ ಎಂದು ತೊದಲಿದೆ. ನನಗೇ ಅದು ಸುಳ್ಳಿನ ಹಾಗೆ ಕೇಳಿಸಿತು. ಅವಳು ನಂಬಿದಳು.

"ನೀವು ಮರೆತ್ರಿ, ಸರಿ. ಅವರು ಮರೆತಿರಲಿಲ್ಲ. ವಾಪಸ್ ಕೊಟ್ಟು ಬರ್ತೀನಿ ಕೊಡಿ ಅಂದ್ರೆ ಜೇಬಿಗೆ ಹಾಕ್ಕೊಂಡ್ರು." ಅವಳು ಎದ್ದಳು. "ಫ್ರೇಮ್ ಮಾತ್ರ ಚೆನ್ನಾಗಿತ್ತು. ಅದನ್ನೂ ಅವರಿಗೇ ಕೊಟ್ಟುಬಿಟ್ಟೆ."

ಅವಳು ಹೋದ ಮೇಲೆ ನನಗೆ ಕೆಲಸ ಮಾಡಲಾಗಲಿಲ್ಲ. ಎದುರು ಅಂಗಡಿ ಮುಚ್ಚಿತ್ತು. ಎಲ್ಲಿಗೂ ಹೋಗುವುದಿಲ್ಲ ಎಂದಿದ್ದ ಅಂಗಡಿ.

ಮಧ್ಯಾಹ್ನ ಅವನು ಬಂದ, ಬಗಲಲ್ಲಿ ಫ್ರೇಮ್. ಅಪ್ಪನಿಗೆ ನಮಸ್ಕಾರವನ್ನೂ ಹೇಳದೆ ನೇರ ನನ್ನ ಮೇಜಿಗೆ ಬಂದು ಅದನ್ನಿಟ್ಟ.

"ಅಲ್ಲಾಡಿಸಿ ನೋಡಿ."

ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದೆ. ಗಲಗಲ ಸದ್ದಾಯಿತು. ನಾನು ದಂಗಾದೆ. ನನ್ನ ಕೈಯ ಕಳ್ಳಖಾನೆ ಯಾವತ್ತೂ ಸದ್ದು ಮಾಡಿದ್ದಿಲ್ಲ. ಮೂಲೆ ಒತ್ತಿ ತೆಗೆದರೆ ಒಳಗಿನ ಬಟ್ಟೆಯನ್ನೆಲ್ಲ ಯಾರೋ ಪರಪರ ಕಿತ್ತಿದ್ದರು. ಬರಿ ಮರದ ಮೇಲೆ ಲೋಲಾಕು ಬಿದ್ದಿತ್ತು.

"ಯಾರು ಹೀಗೆ ನನ್ನ ಕೆಲಸ ಕೆಡಿಸಿದ್ದು?"

"ನಾನೇ." ಅವನು ಈ ಸಲ ನೆಲ ನೋಡಲಿಲ್ಲ. "ಸದ್ದಿಲ್ಲದೆ ಇಟ್ಕೊಂಡು ಇಟ್ಕೊಂಡು ಇನ್ನೊಬ್ಬಳಿಗೆ ಮೋಸ ಮಾಡೋಕೆ ಹೊರಟಿದ್ದೆ. ಅವಳ ಹತ್ತಿರ ಕ್ಷಮೆ ಕೇಳಿ ಬಂದೆ. ಇನ್ನು ಸದ್ದಾಗಲಿ. ನೀವು ಅಂದ್ರೆ ನಂಗೆ ಪ್ರಾಣ."

ಅಪ್ಪ ಎದ್ದು, ಮೊಳೆ ತರಬೇಕೆಂದು ಹೊರಟರು. ಮೊಳೆಯ ಡಬ್ಬ ತುಂಬಿ ಅವರ ಕುರ್ಚಿಯ ಪಕ್ಕದಲ್ಲೇ ಇತ್ತು.

ನಾನು ಲೋಲಾಕು ತೆಗೆದು ಅವನ ಅಂಗೈಯಲ್ಲಿಟ್ಟು, ಎಡಗಿವಿ ಅವನ ಕಡೆಗೆ ತಿರುಗಿಸಿದೆ.

"ನೀವೇ ಹಾಕಿ," ಎಂದೆ. "ನಂಗೂ ಹಾಗೇ."

ಕೂದಲೆಳೆಯಷ್ಟು ಸಣ್ಣ ಸ್ಕ್ರೂ ತಿರುಗಿಸುವ ಅವನ ಕೈಯಿಂದ ಆವತ್ತು ಲೋಲಾಕು ಎರಡು ಸಲ ಮರದ ಪುಡಿಯೊಳಗೆ ಬಿತ್ತು. ಇಬ್ಬರೂ ನೆಲಕ್ಕೆ ಕೂತು ಹುಡುಕಿದೆವು.

ಆ ಫ್ರೇಮ್ ಈಗ ನಮ್ಮ ಮನೆಯ ಗೋಡೆಯ ಮೇಲಿದೆ. ಅದರೊಳಗೆ ಮತ್ತೆ ನಾನು ಬಟ್ಟೆ ಅಂಟಿಸಲಿಲ್ಲ.